ಹನ್ನೊಂದರಿಂದ ಹದಿನೇಳಕ್ಕೊಂದು ದಂಡಯಾತ್ರೆ

ಲಾರಿ ನಿಂತಿತೋ ಇಲ್ಲವೋ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಗಲ್ಲಿಯ ಹೆಂಗಸರೆಲ್ಲ ಮುತ್ತಿಕೊಂಡರು. ವೈಜಾ ಮಗದುಮ ಡ್ರೈವರನ ಪಕ್ಕದಿಂದ ಇಳಿದು, ಅತ್ತೆಯನ್ನು ಕೈಹಿಡಿದು ಇಳಿಸಿ, ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳ ಕಪ್ಪು ಟ್ರಂಕುಗಳು ತಮಗೇ ಕಾಲು ಬಂದ ಹಾಗೆ ನಡೆಯತೊಡಗಿದ್ದವು.

"ಹನ್ನೊಂದನೇ ಮನಿ! ಎಲ್ಲಾ ಹನ್ನೊಂದಕ್ಕ!" ಎಂದು ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದವಳು ಹೌಸಾಬಾಯಿ ಖೋತ. ಗಂಡ ಸುಭೇದಾರ, ಆದ್ದರಿಂದ ಇವಳು ಸುಭೇದಾರೀಣಬಾಯಿ. ದಂಡಿನ ಗಲ್ಲಿಯಲ್ಲಿ ಗಂಡಸರು ದರ್ಜೆಯ ಪಟ್ಟಿಯನ್ನು ತೋಳಿಗೆ ಹೊಲಿಸಿಕೊಂಡರೆ ಹೆಂಗಸರು ನಾಲಿಗೆಗೆ ಹೊಲಿಸಿಕೊಂಡಿರುತ್ತಾರೆ. ಗಂಡ ಎಲ್ಲೋ ಹಿಮದಲ್ಲಿ ಹಲ್ಲು ಕಡಿಯುತ್ತ ಪಹರೆ ಕಾಯುತ್ತಿರುತ್ತಾನೆ, ಇಲ್ಲಿ ಅವನ ದರ್ಜೆ ನಲ್ಲಿಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತು ಕೊಡ ತುಂಬಿಸಿಕೊಳ್ಳುತ್ತದೆ. ಸಿಪಾಯಿಯ ಹೆಂಡತಿ ಸಾಲಿನ ಬಾಲಕ್ಕೆ. ಇದನ್ನು ಯಾವ ರೂಲಿನಲ್ಲೂ ಬರೆದಿಲ್ಲ. ಬರೆದಿದ್ದರೆ ಯಾರಾದರೂ ಮುರಿದಾದರೂ ಮುರಿಯುತ್ತಿದ್ದರು.

ವೈಜಾ ಸಿಪಾಯಿಯ ಹೆಂಡತಿ. "ವೈನಿ," ಅಂದಳು ಮೆಲ್ಲಗೆ, "ನಮ್ಮೋರು ಹದಿನೇಳು ಅಂದಿದ್ರು."

"ಏನಂದಿ?"

ಹೌಸಾಬಾಯಿಯ ಆ ಒಂದು ಮಾತಿಗೆ ವೈಜಾಳ ಹದಿನೇಳು ಗಂಟಲಲ್ಲೇ ಹಿಂದಕ್ಕೆ ತಿರುಗಿ ಮಾರ್ಚು ಮಾಡಿತು. ಗಂಡ ಫೋನಿನಲ್ಲಿ ಮತ್ತೆ ಮತ್ತೆ ಹೇಳಿದ್ದ: "ಸುಭೇದಾರೀಣಬಾಯಿಗೆ ಎದುರಾಡಬ್ಯಾಡ, ನನ್ನ ರಜಾ ಅವರ ಮನಿಯವರ ಕೈಯಾಗೈತಿ."

"ಏನಿಲ್ರಿ," ಅಂದಳು.

ಕೆಲಸದಲ್ಲಿ ಮಾತ್ರ ಆ ಹೆಂಗಸರಿಗೆ ಕೈಮುಗಿಯಬೇಕು. ಹೊಸಬರು ಬಂದ ದಿನ ಅವರು ಕಡ್ಡಿ ಗೀರಬಾರದು, ಪೊರಕೆ ಮುಟ್ಟಬಾರದು, ಇದು ಗಲ್ಲಿಯ ಪದ್ಧತಿ. ಅಲ್ಲಿದ್ದವರೆಲ್ಲ ಊರೂರು ತಿರುಗಿ ಗಂಟು ಬಿಚ್ಚಿ ಗಂಟು ಕಟ್ಟಿದವರೇ. ಎರಡು ಟ್ರಂಕು ಜೋಡಿಸಿ ಮೇಲೆ ಚಾದರ ಎಳೆದರು, ದಿವಾನವಾಯಿತು. ಒಂದನ್ನು ನೆಟ್ಟಗೆ ನಿಲ್ಲಿಸಿದರು, ಕಪಾಟಾಯಿತು. ಒಬ್ಬಳು ಪರದೆ ಕಟ್ಟಿದಳು, ಇನ್ನೊಬ್ಬಳು ಮೂಲೆಯಲ್ಲಿ ಖಂಡೋಬ ದೇವರನ್ನು ಕೂರಿಸಿ ಅರಿಸಿನ ಹಚ್ಚಿದಳು. ನಾಯಕ್ ದರ್ಜೆಯವನ ಹೆಂಡತಿ ಶೇವಂತಾ ತನ್ನ ಮನೆಯ ಸಣ್ಣ ಸಿಲಿಂಡರಿನ ಒಲೆಯನ್ನೇ ಕಂಕುಳಲ್ಲಿ ಹೊತ್ತು ತಂದು ಆಮಟಿ, ಅಂದರೆ ಖಾರದ ಬೇಳೆಸಾರು, ಕುದಿಯಲು ಇಟ್ಟಳು. ಅತ್ತೆ ಬಯಜಾಬಾಯಿ ಲಾರಿಯಿಂದ ಇಳಿಸಿದ ಮಂಚ ಕಂಡದ್ದೇ ಉರುಳಿ ಗೊರಕೆ ಶುರುಮಾಡಿದಳು. ಎರಡು ದಿನದ ಲಾರಿಯ ಕುಲುಕಾಟ, ಪಾಪ.

ಸುಣ್ಣ ಬಳಿದ ಗೋಡೆಗೆ ಬೆನ್ನು ಆನಿಸಿ ನಿಂತ ವೈಜಾಳಿಗೆ ಎದೆ ತುಂಬಿ ಬಂತು. ಊರಲ್ಲಿ ಭಾವನ ಮನೆಯ ದನದ ಕೊಟ್ಟಿಗೆಗೆ ಅಂಟಿದ ಕೋಣೆಯಲ್ಲಿ ಅತ್ತೆ ಸೊಸೆ ಕಾಲ ಹಾಕಿದ್ದರು. ಓರಗಿತ್ತಿ ಅನ್ನವನ್ನು ಬಡಿಸುತ್ತಿರಲಿಲ್ಲ, ಎಸೆಯುತ್ತಿದ್ದಳು. ಹೊರಡುವ ದಿನ ಬಯಜಾಬಾಯಿ ಹೊಸ್ತಿಲ ಮೇಲೆ ನಿಂತು, "ಇನ್ನ ಈ ಮನೀಗೆ ಬಂದ್ರ ನನ್ನ ಹೆಣಾನ ಬರತೈತಿ" ಎಂದು ಊರಿಗೆಲ್ಲ ಕೇಳುವಂತೆ ಕೂಗಿ ಬಂದಿದ್ದಳು. ಹಾಗೆ ಕೂಗಿದ ಮೇಲೆ ತಿರುಗಿ ಹೋಗುವುದು ಹೇಗೆ?

ಕಿಟಕಿಯಲ್ಲಿ ಇಣುಕುತ್ತಿದ್ದ ಶೇವಂತಾ ಒಮ್ಮೆಲೇ ಸೌಟು ಕೆಳಗೆ ಬಿಟ್ಟಳು. "ಗುರವ ಬಂದ!"

ಗುರವ ಎಂದರೆ ಕ್ವಾರ್ಟರುಗಳ ಉಸ್ತುವಾರಿಯ ಹವಾಲ್ದಾರ. ಗಲ್ಲಿಯ ತುದಿಯಲ್ಲಿ ಸೈಕಲ್ಲು ಒರಗಿಸಿ, ಸೊಂಟದಲ್ಲಿ ಕೀಲಿಗೊಂಚಲು ಕುಣಿಸುತ್ತ, ಮೊದಲ ಮನೆಯ ನಲ್ಲಿ, ಬಲ್ಬು ಪರೀಕ್ಷೆ ಮಾಡುತ್ತಿದ್ದ. ಒಂದೊಂದೇ ಮನೆ ನೋಡಿಕೊಂಡು ಹದಿನೇಳಕ್ಕೆ ಬರುತ್ತಾನೆ. ಕೀಲಿ ಕೊಡುವ ಹೊತ್ತಿಗೆ ಕುಟುಂಬ ಸಾಮಾನು ಸಮೇತ ಆ ಮನೆಯ ಹತ್ತಿರ ಕಾಣದಿದ್ದರೆ ಮನೆಯು ಕಾಯುವವರ ಸಾಲಿನಲ್ಲಿ ಮುಂದಿನವರ ಪಾಲು. ಅದು ಮಾತ್ರ ಬರೆದಿಟ್ಟ ರೂಲು.

"ಬಾಯಾರ," ಶೇವಂತಾ ಬಿದ್ದ ಸೌಟು ಎತ್ತಿಕೊಂಡಳು, "ಇವರ ಮನಿ ಹದಿನೇಳು. ಇದಲ್ಲ."

ಹೌಸಾಬಾಯಿ ಸೊಂಟದ ಮೇಲೆ ಕೈಯಿಟ್ಟಳು. ಹನ್ನೊಂದರವರು ಊರು ಬಿಡುವಾಗ ಕೀಲಿಯನ್ನು ಅವಳ ಕೈಗೆ ಕೊಟ್ಟು ಹೋಗಿದ್ದರು. ಖಾಲಿ ಮನೆ, ಕೈಯಲ್ಲಿ ಕೀಲಿ, ಹೊಸ ಲಾರಿ. ಮೂರನ್ನೂ ತಾನೇ ಕೂಡಿಸಿ ಹುಕುಂ ಹೊರಡಿಸಿದ್ದಳು.

"ನಿಂಗ ಮೊದ್ಲ ಗೊತ್ತಿತ್ತೇನು?"

"ಗೊತ್ತಿತ್ರಿ."

"ನಿಂಗ?" ಪರದೆ ಕಟ್ಟಿದವಳು ಪರದೆಯ ಹಿಂದೆ ಸರಿದಳು. "ಹೂಂ ರಿ."

"ಎಲ್ಲಾರಿಗೂ ಗೊತ್ತಿತ್ತು? ಮತ್ತ ಬಾಯಾಗ ಏನ್ ಕಡಬು ಇಟ್ಕೊಂಡಿದ್ರಿ?"

"ನೀವು ಹನ್ನೊಂದು ಅಂದ್ರೆಲ್ರಿ," ಅಂದರು ಎಲ್ಲರೂ ಒಟ್ಟಿಗೆ.

ಆಮಟಿಯೊಂದೇ ಕೊತಕೊತ ಮಾತಾಡುತ್ತಿತ್ತು. ಹೌಸಾಬಾಯಿ ಗಂಟಲು ಸರಿಮಾಡಿಕೊಂಡಳು.

"ಇದು ಅಭ್ಯಾಸ ಆತು. ನಿಮ್ಮ ಕೈ ಎಷ್ಟು ಚುರುಕು ಅಂತ ನೋಡಿದ್ನಿ. ಖರೇ ಕೆಲಸ ಈಗ. ಎತ್ರಿ!"

ಗಲ್ಲಿಯಲ್ಲಿ ಹೊತ್ತು ನಡೆದರೆ ಗುರವನ ಕಣ್ಣಿಗೆ ಬೀಳುತ್ತದೆ. ಹದಿನೇಳರ ಮುಂಬಾಗಿಲಿಗೆ ಬೀಗ, ಕೀಲಿ ಗುರವನ ಸೊಂಟದಲ್ಲಿ. ಆದರೆ ಆ ಸಾಲಿನ ಎಲ್ಲ ಮನೆಗಳ ಹಿಂಬಾಗಿಲಿಗೂ ಒಂದೇ ಕಾಯಿಲೆ. ಸ್ವಲ್ಪ ಎತ್ತಿ ಮೊಣಕಾಲಿಂದ ಗುದ್ದಿದರೆ ಚಿಲಕ ತಾನೇ ಉದುರುತ್ತದೆ. ಇಬ್ಬರು ಹಿತ್ತಲಿನಿಂದ ಓಡಿಹೋಗಿ ಗುದ್ದಿದರು. ಇನ್ನಿಬ್ಬರು ಮುಂದಿನಿಂದ ಓಡಿಹೋಗಿ ಗುರವನಿಗೆ ಗಂಟುಬಿದ್ದರು. "ಅಣ್ಣಾ, ನಮ್ಮ ನಲ್ಲಿ ಅಳತೈತಿ ನೋಡು ಬಾ." "ಅಣ್ಣಾ, ಚಹಾ ಕುಡೀದ ಹೋದ್ರ ನನ್ನ ಆಣಿ." ಸಕ್ಕರೆ ಸಾಲದೆಂದು ಚಹಾ ಎರಡು ಸಲ ಒಳಹೋಗಿ ಬಂತು. ಅಳುವ ನಲ್ಲಿ ಹುಡುಕಿದರೆ ಸಿಗಲಿಲ್ಲ, ಅಷ್ಟರಲ್ಲಿ ಒಬ್ಬಳು ಹೋಗಿ ತಿರುವಿ ಅಳಿಸಿದಳು.

ಇತ್ತ ಹಿತ್ತಲುಗಳಲ್ಲಿ ದಂಡಯಾತ್ರೆ ಹೊರಟಿತು. ಕುಳ್ಳ ಗೋಡೆಗಳ ಮೇಲಿಂದ ಕೈಯಿಂದ ಕೈಗೆ ಟ್ರಂಕು ಹಾರಿದವು, ಹಾಸಿಗೆ ಹಾರಿತು, ಖಂಡೋಬನೂ ಅರಿಸಿನ ಒಣಗುವ ಮೊದಲೇ ಹಾರಿದ. ಶೇವಂತಾ ಒಲೆ ಆರಿಸಿ, ಸಿಲಿಂಡರನ್ನು ಕಂಕುಳಿಗೆ ಸಿಕ್ಕಿಸಿ, ಕುದಿಯುವ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಓಡಿದಳು. ಒಣಹಾಕಿದ ಮೆಣಸಿನಕಾಯಿ ತುಳಿದು ಎಲ್ಲರೂ ಸೀನತೊಡಗಿದರು. ಸೀನಿದವರು ನಕ್ಕರು, ನಕ್ಕವರು ಮತ್ತೆ ಸೀನಿದರು.

ಕೊನೆಗೆ ಉಳಿದದ್ದು ಮಂಚ. ಮಂಚದ ಮೇಲೆ ಬಯಜಾಬಾಯಿ.

"ಎಬ್ಬಿಸಬ್ಯಾಡ್ರಿ," ಅಂದಳು ವೈಜಾ. "ಎಬ್ಬಿಸಿದ್ರ ಮೊದ್ಲ ಕಾರಣ ಕೇಳ್ತಾಳ, ಆಮ್ಯಾಲ ಅಳ್ತಾಳ, ಆಮ್ಯಾಲ ಏಳ್ತಾಳ."

ನಾಲ್ವರು ನಾಲ್ಕು ಕಾಲು ಹಿಡಿದು ಎತ್ತಿದರು. ಮೂರು ಗೋಡೆ ಸಲೀಸಾಗಿ ದಾಟಿದ ಮಂಚ ನಾಲ್ಕನೆಯದರ ಮೇಲೆ ಸಿಕ್ಕಿಕೊಂಡಿತು, ಅರ್ಧ ಈಚೆ, ಅರ್ಧ ಆಚೆ. "ಎಡಕ್ಕ! ಅಲ್ಲ, ಬಲಕ್ಕ! ಹಿಂದಕ್ಕ ಸರಿ!" ಹೌಸಾಬಾಯಿಯ ಹುಕುಮುಗಳು ಒಂದನ್ನೊಂದು ಕಡಿದುಹಾಕಿದವು. ಹೊತ್ತವರು ಎಡಕ್ಕೂ ಹೋದರು, ಬಲಕ್ಕೂ ಹೋದರು, ಮಂಚ ವಾಲಿತು, ಮುದುಕಿ ಜಾರತೊಡಗಿದಳು.

ವೈಜಾಳ ನೆತ್ತಿಗೆ ಏನೋ ಏರಿತು. "ಬಾಯಿ ಮುಚ್ಚಿ ಕಾಲು ಹಿಡೀರಿ, ವೈನಿ!"

ಗಲ್ಲಿಯ ಜನ್ಮದಲ್ಲೇ ಯಾರೂ ಕೇಳದ ಮಾತು. ಸೀನು ಕೂಡ ಅರ್ಧಕ್ಕೆ ನಿಂತಿತು. ಹೌಸಾಬಾಯಿ ವೈಜಾಳನ್ನು ನೋಡಿದಳು, ವಾಲಿದ ಮಂಚ ನೋಡಿದಳು. ಕಚ್ಚೆ ಬಿಗಿದು, ಗೋಡೆ ಹಾರಿ, ಮಂಚದ ಕಾಲಿಗೆ ಹೆಗಲು ಕೊಟ್ಟಳು.

"ಶೇವಂತಾಕ್ಕ, ನೀವು ತಲಿ ಕಡೆ! ಎಲ್ಲಾರೂ ನಾ ಹೂಂ ಅಂದಾಗ. ಹೂಂ!"

ಮಂಚ ಎದ್ದಿತು. ಬಯಜಾಬಾಯಿ ನಿದ್ದೆಯಲ್ಲೇ ಮಗ್ಗುಲು ಬದಲಿಸಿ, "ಲಾರಿ ಹಗೂರ ಹೊಡಿಯಪ್ಪಾ, ಕುಂಡಿ ನೋಯತಾವ" ಅಂದಳು. ಅಷ್ಟೇ. ಮೊದಲು ಸಿಡಿದವಳು ಹೌಸಾಬಾಯಿ. ಅವಳ ನಗೆಗೆ ಮಂಚ ನಡುಗಿತು, ಮಂಚದ ನಡುಕಕ್ಕೆ ಉಳಿದವರ ಹೊಟ್ಟೆ ಹರಿಯಿತು. ಕಣ್ಣೀರು ಸುರಿಸುತ್ತ, ತೇಲುತ್ತ, ಹೂಂ ಹೂಂ ಎನ್ನುತ್ತ ಮೆರವಣಿಗೆ ಹದಿನೇಳರ ಹಿಂಬಾಗಿಲು ಹೊಕ್ಕಿತು.

ಮುಂಬಾಗಿಲ ಬೀಗ ಕಟ್ ಎಂದಿತು. ಗುರವ ಬಾಗಿಲು ತಳ್ಳಿದ. ಖಾಲಿ ಮನೆ ಕಾಣಬೇಕಾದಲ್ಲಿ ಪರದೆ, ದಿವಾನ, ದೇವರು, ಮತ್ತೆ ಹೊತ್ತಿಸಿದ ಒಲೆ, ಗೊರಕೆ ಹೊಡೆಯುವ ಮುದುಕಿ, ಸಾಲಾಗಿ ನಿಂತು ಏದುಸಿರು ಬಿಡುವ ಹೆಂಗಸರು. ಅವನು ಕೈಯಲ್ಲಿದ್ದ ಬೀಗವನ್ನು ತಿರುಗಾಮುರುಗಾ ಮಾಡಿ ನೋಡಿದ.

"ಕೀಲಿ ನನ್ನ ಹತ್ರ. ನೀವು ಒಳಗ ಹ್ಯಾಂಗ?"

ಗದ್ದಲಕ್ಕೆ ಬಯಜಾಬಾಯಿ ಎದ್ದು ಕೂತು ಕಣ್ಣುಜ್ಜಿದಳು. "ಏ ವೈಜಾ, ನಾ ಮಲಗುವಾಗ ಗ್ವಾಡಿಗೆ ಸುಣ್ಣಾ ಇತ್ತಲ್ಲ? ಈಗ ಜ್ಯಾಡರ ಬಲಿ ಐತಿ."

ಗುರವನ ಹುಬ್ಬು ಟೊಪ್ಪಿಗೆಯೊಳಗೆ ಹೋದವು. "ಹಂಗಾರ ಬ್ಯಾರೇ ಮನ್ಯಾಗ ಇಳದಿದ್ರಿ, ಇಲ್ಲಿ ಕದ್ದು ಹೊಕ್ಕೀರಿ. ನಾ ಮ್ಯಾಲಿನೋರಿಗೆ ಹೇಳಬೇಕಾಗ್ತದ. ಮನಿ ಮುಂದಿನೋರಿಗೆ."

"ಗುರವ, ನಾ ಯಾರಂತ..." ಹೌಸಾಬಾಯಿ ಶುರುಮಾಡಿದಳು.

ವೈಜಾ ಮುಂದೆ ಬಂದಳು. ಹಿತ್ತಲಿನಲ್ಲಿ ಎದ್ದ ದನಿಯನ್ನು ಹಾಗೇ ತಂದಿದ್ದಳು. "ಅಣ್ಣಾ, ಸುಳ್ಳು ಬ್ಯಾಡ. ತಪ್ಪು ಮನ್ಯಾಗ ಇಳದಿದ್ವಿ. ಎಲ್ಲಾರಿಗೂ ಗೊತ್ತಿತ್ತು, ನಂಗೂ ಗೊತ್ತಿತ್ತು. ಸಿಪಾಯಿ ಹೆಂಡ್ತಿ ಅಂತ ನಾ ಬಾಯಿ ಬಿಡಲಿಲ್ಲ. ಈಗ ಬಿಡ್ತೀನಿ. ಕೀಲಿ ಕೊಡೂ ಹೊತ್ತಿಗೆ ಕುಟುಂಬ ಮನೀ ಹತ್ರ ಇರಬೇಕು ಅಂತಲ್ಲ ರೂಲು? ನಾವು ಅದೀವಿ. ಹ್ಯಾಂಗ ಬಂದ್ರಿ ಅಂತ ರೂಲು ಕೇಳತೈತೇನು?"

ಗುರವ ಬೀಗವನ್ನು ಕೈಯಿಂದ ಕೈಗೆ ಬದಲಿಸಿದ. "ಹಂಗ ಕೇಳಂಗಿಲ್ಲ... ಆದ್ರ ತಪ್ಪು ಯಾರದಾರ ಇರಬೇಕಲ್ಲ."

"ನಂದು," ಅಂದಳು ಹೌಸಾಬಾಯಿ.

"ಏನ್ರಿ?"

"ಕಿವಿ ಕೇಳಸಂಗಿಲ್ಲೇನು? ತಪ್ಪು ನಂದು. ಹೇಳೂದಿದ್ರ ನನ್ನ ಹೆಸರು ಹೇಳು. ಈ ಹುಡುಗಿ ತಂಟೆಗೆ ಹೋದಿ ಅಂದ್ರ ಆಮಟಿ ಸಿಗಂಗಿಲ್ಲ."

ಗುರವ ಟೊಪ್ಪಿಗೆ ತೆಗೆದು ಗಾಳಿ ಹಾಕಿಕೊಂಡ. "ಇಷ್ಟು ವರ್ಷ ನೌಕರಿ ಮಾಡೀನಿ, ಸುಭೇದಾರ ಮನಿಯಿಂದ ಈ ಮಾತು ಕೇಳಿರಲಿಲ್ಲ. ಇದನ್ನ ಮ್ಯಾಲ ಹೇಳಿದ್ರ ನನ್ನ ಹುಚ್ಚರ ಆಸ್ಪತ್ರೆಗೆ ಕಳಸ್ತಾರ." ನಗುತ್ತ ಗೊಂಚಲಿನಿಂದ ಕೀಲಿ ಬಿಡಿಸಿ ವೈಜಾಳ ಅಂಗೈಯಲ್ಲಿಟ್ಟ. ಬಲ್ಬು ನೋಡುವುದನ್ನೂ ಮರೆತು ಸೈಕಲ್ಲಿನ ಕಡೆ ನಡೆದ, ಶೇವಂತಾ ತುಂಬಿಕೊಟ್ಟ ಆಮಟಿಯ ಡಬ್ಬಿ ಹಿಡಿದು.

ಅವನನ್ನು ಕಳಿಸಲು ಎಲ್ಲರೂ ಕಟ್ಟೆಗೆ ಇಳಿದಿದ್ದರು. ಒಳಗೆ ಉಳಿದವರು ವೈಜಾ ಮತ್ತು ಜೇಡರ ಬಲೆ ನೋಡುತ್ತ ಕೂತ ಅತ್ತೆ. ಹೌಸಾಬಾಯಿ ತಿರುಗಿ ಬಂದು ಹೊಸ್ತಿಲಲ್ಲಿ ನಿಂತಳು. ಈ ಸಾಲಿನ ಯಾವ ಮನೆಗೂ ಅವಳು ಕೇಳಿ ಹೊಕ್ಕವಳಲ್ಲ.

"ಒಳಗ ಬರ್ಲೇನು?"

ವೈಜಾ ಅವಳ ಮೆಣಸಿನಕಾಯಿ ಮೆತ್ತಿದ ಚಪ್ಪಲಿ ನೋಡಿದಳು. "ಬರ್ರಿ ವೈನಿ. ಚಪ್ಪಲ್ ಹೊರಗ ಬಿಡ್ರಿ."