ಅಪ್ಪ ಮಗಳು ಹೇಳಿದ ಸಾಕ್ಷಿ

ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿ ಇನ್ನೇನು ಕತ್ತಿ ಎತ್ತಬೇಕು, ಅಷ್ಟರಲ್ಲಿ ಪೊಲೀಸಿನವರೊಬ್ಬರು ಬಂದು ಕ್ಷೌರದಂಗಡಿಯ ಯಜಮಾನನ ಕೈಗೆ ಸಮನ್ಸ್ ಕೊಟ್ಟರು. ಬರುವ ಸೋಮವಾರ ಅವನೂ ಅವನ ಹದಿಮೂರು ವರ್ಷದ ಮಗಳೂ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು. ಓದಿದವನ ಕೈ ನಡುಗಿತು. ಕನ್ನಡಿಯಲ್ಲಿ ಅದನ್ನು ಕಂಡ ಗಿರಾಕಿ, "ಅಣ್ಣಾ, ನಡುಕ ನಿಂತ ಮೇಲೆ ಕತ್ತಿ ಹಿಡಿ. ನನಗಿರೋದು ಇದೊಂದೇ ಮುಖ" ಎಂದ.

ಯಜಮಾನನಿಗೆ ನಗು ಬರಲಿಲ್ಲ.

ಹಿಂದಿನ ವರ್ಷ ಇದೇ ಕುರ್ಚಿಯಲ್ಲಿ ನಯವಾದ ಮಾತಿನವನೊಬ್ಬ ಬಂದು ಕೂರುತ್ತಿದ್ದ. ಪಟ್ಟಣದಲ್ಲಿ ಹೆಣ್ಣುಮಕ್ಕಳಿಗೆ ಪುಕ್ಕಟೆ ಹೊಲಿಗೆ ಕಲಿಸುತ್ತೇನೆ, ಊಟ ವಸತಿ ನಮ್ಮದೇ ಎನ್ನುತ್ತಿದ್ದ. ಬೀದಿಯವರೆಲ್ಲ ಅವನನ್ನು 'ಮೇಷ್ಟ್ರು' ಎಂದೇ ಕರೆದರು. ಎರಡು ತಿಂಗಳು ಅವನ ಗಡ್ಡ ಕೆರೆದು ತಲೆಗೂದಲು ಕತ್ತರಿಸಿದ ಯಜಮಾನ, ನಂಬಿ ಮಗಳನ್ನು ಕಳಿಸಿಕೊಟ್ಟ. ಅವಳು ಹೋಗಿ ಸೇರಿದ್ದು ಹೊಲಿಗೆ ಶಾಲೆಗಲ್ಲ, ಹೊರಗಿನಿಂದ ಬೀಗ ಹಾಕಿದ ಗೋದಾಮಿಗೆ. ಅಲ್ಲಿ ಹನ್ನೊಂದು ಮಕ್ಕಳು ದಿನವಿಡೀ ಪ್ಲಾಸ್ಟಿಕ್ ಬೊಂಬೆಗಳಿಗೆ ಕಣ್ಣು ಅಂಟಿಸಬೇಕಿತ್ತು. ಅಂಟಿನ ಘಾಟಿಗೆ ಕೆಮ್ಮಿದರೂ ಏಟು. ನಾಲ್ಕು ತಿಂಗಳ ಮೇಲೆ ಪಕ್ಕದ ಮನೆಯ ಹೆಂಗಸೊಬ್ಬಳು ಅಳು ಕೇಳಿಸಿಕೊಂಡು ಸಹಾಯವಾಣಿಗೆ ಫೋನ್ ಮಾಡಿದಳು. ಮಕ್ಕಳು ಹೊರಬಂದರು, ಮೇಷ್ಟ್ರು ಒಳಗೆ ಹೋದ.

ಸಮನ್ಸ್ ಬಂದ ಮರುದಿನವೇ ಮೇಷ್ಟ್ರ ಅಣ್ಣ ಅಂಗಡಿಗೆ ಕಾಲಿಟ್ಟ. "ಹೆಣ್ಣು ಹೆತ್ತವನು ನೀನು. ಮಗಳನ್ನ ನಾಲ್ಕು ಜನರ ಮುಂದೆ ನಿಲ್ಲಿಸಿದ್ರೆ ಮಾನ ಹೋಗೋದು ಯಾರದ್ದು? ನೆನಪಿಲ್ಲ ಅಂದ್ಬಿಡು. ಇಲ್ಲಾಂದ್ರೆ ಅಂಗಡಿ ನಡೆಸೋದು ಕಷ್ಟ ಆಗುತ್ತೆ."

ಸಂಜೆ ಬೆದರಿಕೆಯ ಸುದ್ದಿ ತಿಳಿದು ಮಕ್ಕಳ ರಕ್ಷಣೆಯ ಕಾರ್ಯಕರ್ತೆ ಮನೆಗೆ ಬಂದಳು. ಹೆಗಲಿನ ದೊಡ್ಡ ಚೀಲದಿಂದಾಗಿ ಅವಳು ಬೀದಿಗೆಲ್ಲ 'ಚೀಲದಕ್ಕ'.

"ಬೇಡಕ್ಕಾ, ಈ ಕೋರ್ಟು ಕಚೇರಿ ನಮ್ಮಂಥವರಿಗಲ್ಲ. ಮಗಳು ಜೀವಂತ ಬಂದ್ಳಲ್ಲ, ಅಷ್ಟು ಸಾಕು" ಎಂದ ಯಜಮಾನ.

"ಅಷ್ಟಕ್ಕೇ ಸುಮ್ಮನಾದ್ರೆ ಅವನು ಬಿಡುಗಡೆಯಾಗಿ ಇನ್ನೊಂದೂರಿಗೆ ಹೋಗ್ತಾನೆ. ಅಲ್ಲಿ ಇನ್ಯಾರದೋ ಕುರ್ಚಿಲಿ ಕೂತು ಇದೇ ಮಾತಾಡ್ತಾನೆ."

"ಪೇಪರಲ್ಲಿ ಇವಳ ಹೆಸರು ಬಂದ್ರೆ?"

"ಬರೋ ಹಾಗಿಲ್ಲ. ಮಗುವಿನ ಹೆಸರು, ಫೋಟೋ ಹಾಕಿದವರ ಮೇಲೇ ಕೇಸು ಬೀಳುತ್ತೆ. ಬಾಗಿಲು ಮುಚ್ಚಿ ಕೇಳ್ತಾರೆ. ಅವನಿಗೂ ಇವಳಿಗೂ ಮಧ್ಯೆ ಪರದೆ ಇರುತ್ತೆ. ಪಕ್ಕದಲ್ಲಿ ನಾನಿರ್ತೀನಿ."

"ವಕೀಲರು?"

"ಸರ್ಕಾರಿ ವಕೀಲರೇ ವಾದ ಮಾಡ್ತಾರೆ, ನಿಮಗೇನೂ ಖರ್ಚಿಲ್ಲ. ಇನ್ನು ಸಾಕ್ಷಿಯನ್ನ ಹೆದರಿಸೋದೂ ಅಪರಾಧವೇ. ಬನ್ನಿ, ಈಗಲೇ ದೂರು ಬರೆಯೋಣ." ಚೀಲದಿಂದ ಕಾಗದ, ಪೆನ್ನು ಎರಡೂ ಹೊರಬಂದವು.

"ಆ ಚೀಲದಲ್ಲಿ ಪೊಲೀಸ್ ಠಾಣೆಯೂ ಇದ್ಯೇನಕ್ಕಾ?" ಎಂದಳು ಹೆಂಡತಿ.

ಯಜಮಾನ ಮಾತ್ರ ತಲೆ ಎತ್ತಲಿಲ್ಲ. "ಅವನನ್ನ ನಂಬಿದ್ದು ನಾನು. ಕೈಯಾರೆ ಕಳಿಸಿದವನು ಯಾವ ಮುಖ ಹೊತ್ತು ಸಾಕ್ಷಿ ಹೇಳಲಿ?"

ಬಾಗಿಲಿಗೆ ಒರಗಿ ನಿಂತಿದ್ದ ಮಗಳು ಮುಂದೆ ಬಂದಳು. "ಅಪ್ಪಾ, ಸುಳ್ಳು ಹೇಳಿದ್ದು ಅವನು. ನಾನಂತೂ ಹೋಗ್ತೀನಿ. ನಮ್ಮ ಜೊತೆ ಎಂಟು ವರ್ಷದವಳೊಬ್ಬಳಿದ್ಳು. ಅವಳಿಗೆ ಹೇಳೋಕೆ ಬರಲ್ಲ, ಅವಳದ್ದೂ ನಾನೇ ಹೇಳ್ಬೇಕು."

ಯಜಮಾನ ಮಗಳ ಮುಖವನ್ನೇ ನೋಡಿದ. ಆಮೇಲೆ ಪೆನ್ನು ತೆಗೆದುಕೊಂಡು ದೂರಿಗೆ ಸಹಿ ಹಾಕಿದ.

ಸೋಮವಾರ ಮಗಳು ಪರದೆಯ ಹಿಂದೆ ಕೂತು ಒಂದೂವರೆ ಗಂಟೆ ಮಾತಾಡಿದಳು. ಬಾಗಿಲಿಗೆ ಎಷ್ಟು ಬೀಗ, ಅಂಟಿನ ಡಬ್ಬ ಯಾವ ಬಣ್ಣ, ಹೊಡೆದವರು ಯಾರು, ಒಂದನ್ನೂ ಬಿಡಲಿಲ್ಲ. ನಡುವೆ ಅತ್ತಾಗ ನ್ಯಾಯಾಧೀಶೆ ನೀರು ಕೊಡಿಸಿ, "ನಿಧಾನವಾಗಿ ಹೇಳಮ್ಮ, ನಮಗೇನೂ ಅವಸರವಿಲ್ಲ" ಎಂದರು.

ಆಮೇಲೆ ಅಪ್ಪನ ಸರದಿ. ಆರೋಪಿಯ ವಕೀಲರು, "ನನ್ನ ಕಕ್ಷಿದಾರರು ನಿಮ್ಮ ಊರಿಗೇ ಬಂದವರಲ್ಲ. ಈ ಗಡ್ಡ, ಈ ಕೂದಲು ನೋಡಿ. ನೀವು ಕಂಡದ್ದು ಬೇರೆ ಯಾರನ್ನೋ" ಎಂದರು.

ಮೇಷ್ಟ್ರು ನಿಜಕ್ಕೂ ಗುರುತು ಸಿಗದಷ್ಟು ಕೂದಲು ಬೆಳೆಸಿದ್ದ. ಯಜಮಾನ ಒಂದು ಗಳಿಗೆ ಅವನನ್ನು ದಿಟ್ಟಿಸಿದ. ಯಜಮಾನನ ಕೈ ಈಗ ನಡುಗುತ್ತಿರಲಿಲ್ಲ.

"ಸ್ವಾಮಿ, ಮುಖ ನೋಡಿ ನಾನು ಒಂದು ಸಲ ಮೋಸ ಹೋದೆ. ತಲೆ ನೋಡಿ ಮೋಸ ಹೋಗೋನಲ್ಲ, ಇಪ್ಪತ್ತು ವರ್ಷದ ಕಸುಬು ನಂದು. ಇವನ ನೆತ್ತಿಲಿ ಎರಡು ಸುಳಿ ಇದೆ. ಎಡಗಿವಿ ಹಿಂದೆ, ಕೂದಲೊಳಗೆ, ಹೊಲಿಗೆ ಹಾಕಿದ ಗಾಯದ ಗುರುತಿದೆ, ನನ್ನ ಹೆಬ್ಬೆರಳಿನಷ್ಟು ಉದ್ದ. ಅಲ್ಲಿ ಮೆಷಿನ್ ತಾಗಿಸಬೇಡ ಅಂತ ಪ್ರತಿ ಸಲವೂ ಹೇಳ್ತಿದ್ದ."

ನ್ಯಾಯಾಧೀಶೆ ನೋಡಲು ಹೇಳಿದರು. ಪೊಲೀಸಿನವರು ಕೂದಲು ಸರಿಸಿದರು. ಎರಡು ಸುಳಿ. ಕಿವಿಯ ಹಿಂದೆ ಹೆಬ್ಬೆರಳಿನಷ್ಟು ಗಾಯದ ಗುರುತು. ಮೇಷ್ಟ್ರು ಬೆವರಿದ, ವಕೀಲರು ಕೂತರು.

ಮೂರು ವಾರದ ಮೇಲೆ ತೀರ್ಪು ಬಂತು. ಮೇಷ್ಟ್ರಿಗೆ ಹದಿನಾಲ್ಕು ವರ್ಷ ಜೈಲು, ಗೋದಾಮಿನ ಮಾಲೀಕನಿಗೆ ಹತ್ತು, ಮಕ್ಕಳನ್ನು ಸಾಗಿಸಿದ ವ್ಯಾನಿನವನಿಗೆ ಏಳು. ಹೆಂಡತಿ ಬೆರಳು ಮಡಿಚಿ ಲೆಕ್ಕ ಹಾಕಿ, "ಅವನು ಹೊರಗೆ ಬರೋ ಹೊತ್ತಿಗೆ ನನ್ನ ಮಗಳೇ ವಕೀಲಳಾಗಿರ್ತಾಳೆ!" ಎಂದು ಕೋರ್ಟಿನ ಅಂಗಳ ಕೇಳುವಂತೆ ಕೂಗಿದಳು. ಚೀಲದಕ್ಕ ಅಳುತ್ತಲೇ ನಕ್ಕಳು. ಅಪ್ಪ ಮಗಳ ಕೈ ಹಿಡಿದು ಜನರ ನಡುವೆ ತಲೆ ಎತ್ತಿ ನಡೆದ.

ಮರುದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುರ್ಚಿಯಲ್ಲಿದ್ದ ಗಾರೆ ಮೇಸ್ತ್ರಿ ಮೆಲ್ಲಗೆ ಕೇಳಿದ, "ಅಣ್ಣಾ, ನನ್ನ ತಂಗಿ ಮಗಳಿಗೂ ಒಬ್ಬ ಪಟ್ಟಣದಲ್ಲಿ ಕೆಲಸ ಕೊಡಿಸ್ತೀನಿ ಅಂತ ಬಂದಿದ್ದಾನೆ. ವಿಳಾಸ ಕೇಳಿದ್ರೆ ಹೇಳ್ತಿಲ್ಲ. ನಾಳೆ ಕರ್ಕೊಂಡು ಹೋಗ್ತಾನಂತೆ."

ಯಜಮಾನ ಕತ್ತರಿ ಕೆಳಗಿಟ್ಟ. "ಏಳು, ಠಾಣೆಗೆ ಹೋಗೋಣ."

"ಅರ್ಧ ಕತ್ತರಿಸಿದ ತಲೆಯಲ್ಲೇ?"

"ಇನ್ನರ್ಧ ಬಂದು ಮಾಡ್ತೀನಿ, ನಡಿ!"

ಇಬ್ಬರೂ ನಡುಬೀದಿಯಲ್ಲಿ ದಾಪುಗಾಲು ಹಾಕಿ ಹೊರಟರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗುವನ್ನು ಯಾರಾದರೂ ಕೆಲಸ, ಕಲಿಕೆ ಎಂದು ಕರೆದರೆ ಮೊದಲು ವಿಳಾಸ ಕೇಳಿ, ನೀವೇ ಹೋಗಿ ನೋಡಿ. ಅನುಮಾನ ಬಂದರೆ ಪೊಲೀಸರಿಗೋ ಮಕ್ಕಳ ಸಹಾಯವಾಣಿಗೋ ತಿಳಿಸಿ. ಮಗು ಮನೆಗೆ ಬಂತೆಂದು ಅಲ್ಲಿಗೇ ಕೈಬಿಡಬೇಡಿ. ಕೋರ್ಟು ಕರೆದಾಗ ಹೋಗಿ, ಕಂಡದ್ದನ್ನು ಕಂಡಂತೆ ಹೇಳಿ. ತಲೆ ತಗ್ಗಿಸಬೇಕಾದವನು ಮಕ್ಕಳನ್ನು ಕದ್ದವನು, ನೀವಲ್ಲ. ಅವನಿಗೆ ಶಿಕ್ಷೆಯಾಗಲು ನಿಮ್ಮ ಮಾತು ಬೇಕು.