ಏಣಿಯ ಗಂಡ

ಅವರಿಬ್ಬರೂ ಜೊತೆಯಾಗಿ ಹೊರಟರೆ ದಾರಿಯಲ್ಲಿ ಹೋಗುವವರು ಒಮ್ಮೆ ತಿರುಗಿ ನೋಡಿಯೇ ಮುಂದೆ ಹೋಗುತ್ತಿದ್ದರು. ಅವಳು ಆರಡಿ ಎರಡಂಗುಲ, ಅವನು ಐದಡಿ ಐದಂಗುಲ. ಆಟದ ಗೆಳತಿಯರು ಅವಳನ್ನು ಏಣಿ ಎಂದೇ ಕರೆಯುತ್ತಿದ್ದರು. ಅವಳಿಗೂ ಅದರಲ್ಲಿ ಬೇಸರವಿರಲಿಲ್ಲ. ಅವನು ದರ್ಜಿ. ಇಬ್ಬರ ಪರಿಚಯವಾದದ್ದೂ ಬಟ್ಟೆಯ ದೆಸೆಯಿಂದಲೇ. ಅಂಗಡಿಯಲ್ಲಿ ಸಿಗುವ ಯಾವ ಪ್ಯಾಂಟೂ ಅವಳ ಕಣಕಾಲಿನವರೆಗೆ ಬರುತ್ತಿರಲಿಲ್ಲ. ಹೊಲಿಸಲು ಬಂದವಳ ಭುಜದ ಅಳತೆ ತೆಗೆಯಲು ಅವನು ಸ್ಟೂಲ್ ಎಳೆದುಕೊಂಡು ಹತ್ತಿದಾಗ, "ಇಳೀರಿ, ಬಿದ್ದುಗಿದ್ದೀರಿ, ನಾನೇ ಕೂತ್ಕೋತೀನಿ" ಎಂದು ಅವಳು ಆ ಸ್ಟೂಲಿನ ಮೇಲೆ ಕೂತಳು. ವರ್ಷ ತುಂಬುವುದರೊಳಗೆ ಮದುವೆಯಾಯಿತು.

ವಾಲಿಬಾಲ್ ಅವಳ ಕಸುಬು. ನೆಟ್ಟಿನ ಮುಂದೆ ನಡುವೆ ನಿಂತು, ಎದುರಿನವರು ಹೊಡೆದ ಚೆಂಡಿಗೆ ಎರಡೂ ಕೈ ಅಡ್ಡ ಹಿಡಿದು ಬ್ಲಾಕ್ ಮಾಡುವುದು ಅವಳ ಕೆಲಸ. ವರ್ಷಕ್ಕೆ ಎಂಟು ತಿಂಗಳು ಯಾವುದಾದರೊಂದು ಹೊರದೇಶದ ಕ್ಲಬ್ಬಿಗೆ ಆಡಬೇಕಿತ್ತು. ಮದುವೆಯಾದ ಮೇಲೆ ಎರಡು ಸಲ ಒಬ್ಬಳೇ ಹೋಗಿಬಂದಳು. ಮೂರನೆಯ ಸಲ ಹಟ ಹಿಡಿದಳು.

"ಈ ಸಲ ನೀವೂ ಬನ್ನಿ. ಆಟ ಮುಗಿಸ್ಕೊಂಡು ಬಂದು ಖಾಲಿ ಮನೆ ಬೀಗ ತೆಗೆಯೋದು ನನಗೆ ಸಾಕಾಗಿಹೋಗಿದೆ."

"ಅಂಗಡಿ?"

"ನಿಮ್ಮ ತಮ್ಮ ಇಲ್ವಾ? ಅವನ ಕೈ ಮತ್ಯಾವಾಗ ಪಳಗೋದು?"

ದರ್ಜಿ ಎರಡು ದಿನ ಮೀನಮೇಷ ಎಣಿಸಿದ. ಮೂರನೆಯ ದಿನ ಕೊರಳಲ್ಲಿದ್ದ ಟೇಪನ್ನು ತಮ್ಮನ ಕೊರಳಿಗೆ ಹಾಕಿ ಹೊರಟುಬಿಟ್ಟ.

ಕ್ಲಬ್ಬಿನವರು ಕೊಟ್ಟ ಮನೆ ಎರಡನೆಯ ಮಹಡಿಯಲ್ಲಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ರಸ್ತೆಗೆ ತೆರೆಯುವ ಒಂದು ಕಿಟಕಿ. ಮಂಚ ಮಾಮೂಲಿ ಮನುಷ್ಯರ ಅಳತೆಯದು. ಅವಳ ಪಾದ ಗೇಣುದ್ದ ಹೊರಗೆ ಚಾಚುತ್ತಿತ್ತು. ಅವನು ಮಂಚದ ತುದಿಗೆ ಮರದ ಪೆಟ್ಟಿಗೆ ಜೋಡಿಸಿ, ಹಳೆಯ ಕಂಬಳಿ ಮಡಿಸಿ ಹೊಲಿದು ಹಾಸಿಗೆಯನ್ನು ಉದ್ದ ಮಾಡಿದ. ಕ್ಲಬ್ಬಿನ ಲಾಂಡ್ರಿಯಿಂದ ಬಟ್ಟೆಗಳು ಹೊಲಿಗೆ ಬಿಚ್ಚಿಕೊಂಡು ಬರುವುದನ್ನು ನೋಡಲಾರದೆ ಅವಳ ಜೆರ್ಸಿ ಒಗೆದು ಇಸ್ತ್ರಿ ಮಾಡುವ ಕೆಲಸವನ್ನೂ ತಾನೇ ವಹಿಸಿಕೊಂಡ. ಇಷ್ಟಾದರೂ ಬೆಳಿಗ್ಗೆ ಹತ್ತಕ್ಕೆಲ್ಲ ಅವನ ಕೈ ಖಾಲಿ. ಆಮೇಲಿನ ದಿನ ಬೆಟ್ಟದ ಹಾಗೆ ಎದುರಿಗೆ ಕೂತಿರುತ್ತಿತ್ತು.

ಭಾಷೆ ಬಾರದು. ಕ್ಲಾಸಿಗೆ ಹೋಗಿ ಕಲಿಯುತ್ತೇನೆ ಎಂದು ಅವಳಿಗೆ ಹೇಳಿದ್ದ. ಕೆಳಮನೆಯ ಮುದುಕ ಒಂದು ದಿನ ಮೆಟ್ಟಿಲ ಮೇಲೆ ನಿಲ್ಲಿಸಿ, ನಿನ್ನ ಕೆಲಸವೇನು ಎಂದು ಕೈಸನ್ನೆಯಲ್ಲಿ ಕೇಳಿದ. ದರ್ಜಿ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ ತೋರಿಸಿದ. ಮುದುಕನಿಗೆ ಭಾರಿ ಖುಷಿಯಾಯಿತು. ಮರುದಿನ ಬೆಳಿಗ್ಗೆ ಹೆಗಲಿಗೆ ಟವೆಲು ಹಾಕಿಕೊಂಡು, ಕುರ್ಚಿ ಸಮೇತ ಬಾಗಿಲಿಗೆ ಬಂದು ತಲೆ ಬಗ್ಗಿಸಿ ಕೂತ. ಬಂದವನನ್ನು ಬರಿಗೈಲಿ ಕಳಿಸುವುದು ಹೇಗೆ? ದರ್ಜಿ ಬಟ್ಟೆಯ ಕತ್ತರಿಯಲ್ಲೇ ಹೇಗೋ ಕ್ಷೌರ ಮಾಡಿ ಕಳಿಸಿದ. ಸಂಜೆ ಇದನ್ನು ಕೇಳಿ ಅವಳು ನಕ್ಕೂ ನಕ್ಕೂ ಕೆಮ್ಮು ಹತ್ತಿಸಿಕೊಂಡಳು.

ಊರಿನ ಹಾಲ್‌ನಲ್ಲಿ ಪಂದ್ಯವಿದ್ದ ದಿನ ಮಾತ್ರ ಅವನಿಗೆ ಹಬ್ಬ. ಆಟಗಾರ್ತಿಯರ ಮನೆಯವರು ಕೂರುವ ಸಾಲಿನಲ್ಲಿ ಕೂತು ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟುತ್ತಿದ್ದ. ಅಲ್ಲಿಯ ಹುಡುಗಿಯರೂ ತಮ್ಮ ಭಾಷೆಯಲ್ಲಿ ಅವಳಿಗೆ ಏಣಿ ಎಂದೇ ಹೆಸರಿಟ್ಟಿದ್ದರು. ಹಾಗಾಗಿ ಬಾಗಿಲಲ್ಲಿ ಚೀಟಿ ನೋಡುವವನಿಂದ ಹಿಡಿದು ಎಲ್ಲರ ಬಾಯಲ್ಲೂ ಅವನು ಏಣಿಯ ಗಂಡ.

ನಾಲ್ಕನೆಯ ತಿಂಗಳಲ್ಲಿ ಹಾಲ್‌ನ ಚಾವಣಿ ಸೋರಿ ನೆಲದ ಮರ ಉಬ್ಬಿತು. ರಿಪೇರಿ ಮುಗಿಯುವವರೆಗೆ, ಅಂದರೆ ಆರು ವಾರ, ಪಂದ್ಯಗಳೆಲ್ಲ ಪರ ಊರಿನಲ್ಲೇ ಎಂದಾಯಿತು. ಅದು ಎರಡನೆಯ ದರ್ಜೆಯ ಲೀಗು, ಟಿವಿಯಲ್ಲಿ ಬರುತ್ತಿರಲಿಲ್ಲ. ಮೊಬೈಲಿನಲ್ಲಿ ಸೆಟ್ಟುಗಳ ಅಂಕ ಕಾಣಿಸುತ್ತಿತ್ತು, ಯಾರು ಆಡಿದರು ಎಂಬುದಲ್ಲ. ಅದೇ ಹೊತ್ತಿಗೆ ತಂಡಕ್ಕೆ ಮೂರನೆಯ ಹೊರದೇಶದ ಆಟಗಾರ್ತಿ ಬಂದಳು.

"ಎಡಗೈಯವಳು. ಇಪ್ಪತ್ತೊಂದು ವರ್ಷ ಅಷ್ಟೆ. ಒಳ್ಳೆ ಚುರುಕಾಗಿದಾಳೆ" ಎಂದು ಅವಳು ಊಟ ಮಾಡುತ್ತಾ ಹೇಳಿದಳು. ಅವನು ಹ್ಞೂಂಗುಟ್ಟಿದ. ಆ ಮಾತು ಅಲ್ಲಿಗೇ ಮುಗಿಯಿತು.

ಮೊದಲ ವಾರದ ಪಂದ್ಯ ಮುಗಿಸಿ ಬಂದು, ಮೈ ನೋಯುತ್ತಿದೆ ಎಂದು ಅವಳು ಮಲಗಿದಳು. "ಹೇಗಾಯ್ತು?" ಎಂದರೆ "ಹತ್ತು ಪಾಯಿಂಟ್ ಬಂತು" ಎಂದಳು. ಬೆಳಿಗ್ಗೆ ಒಗೆಯಲು ಅವನು ಚೀಲದಿಂದ ಜೆರ್ಸಿ ತೆಗೆದ. ಇಸ್ತ್ರಿಯ ಮಡಿಕೆ ಹಾಗೇ ಇತ್ತು. ತೋಳನ್ನು ಒಳಕ್ಕೆ ಮಡಿಸಿ ಅವನು ಹಾಕುವ ಮಡಿಕೆ ಬೇರೆ ಯಾರೂ ಹಾಕುವಂಥದ್ದಲ್ಲ. ಬೇರೆ ಜೆರ್ಸಿ ಹಾಕಿಕೊಂಡಿರಬಹುದು ಎಂದು ಸಮಾಧಾನ ಹೇಳಿಕೊಂಡ. ಅವಳ ಮುಂದೆ ಆ ಮಾತು ಎತ್ತಲಿಲ್ಲ. ಆದರೂ ಇಸ್ತ್ರಿ ಮಾಡಿದ ಬಟ್ಟೆಯನ್ನೇ ಮತ್ತೆ ನೆನೆಹಾಕುತ್ತಿರುವುದನ್ನು ಬಾಗಿಲಲ್ಲಿ ನಿಂತ ಅವಳು ನೋಡಿದಳು.

ಎರಡನೆಯ ವಾರ ಜೆರ್ಸಿ ಒದ್ದೆಯಾಗಿ ಬಂತು. ಅವನು ಅದನ್ನು ಮೂಗಿನ ಹತ್ತಿರ ಹಿಡಿದ. ಮೂರು ವರ್ಷದಿಂದ ಅವಳ ಬಟ್ಟೆ ಮುಟ್ಟಿದವನಿಗೆ ಅವಳ ಬೆವರು ಗೊತ್ತಿಲ್ಲವೇ? ಇದರಲ್ಲಿ ಉಪ್ಪಿಲ್ಲ, ವಾಸನೆಯಿಲ್ಲ. ಕಂಕುಳ ಹತ್ತಿರ ಒಣಗಿತ್ತು, ಅಂಚು ಮಾತ್ರ ತೊಟ್ಟಿಕ್ಕುತ್ತಿತ್ತು. ಯಾವುದೋ ಊರಿನ ಹಾಲ್‌ನಲ್ಲಿ, ಎಲ್ಲರೂ ಸ್ನಾನಕ್ಕೆ ಹೋದ ಮೇಲೆ, ಇಷ್ಟೆತ್ತರದ ಹೆಂಗಸು ಬಗ್ಗಿ ನಿಂತು ನಲ್ಲಿಯ ಕೆಳಗೆ ಜೆರ್ಸಿ ಹಿಡಿದದ್ದು ಅವನ ಕಣ್ಣಿಗೆ ಕಟ್ಟಿತು. ಅವನು ಬಕೆಟ್ಟಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಸಿಟ್ಟು ಬಂತೋ ಅಳು ಬಂತೋ ಅವನಿಗೇ ತಿಳಿಯಲಿಲ್ಲ.

ಮುಂದಿನ ಭಾನುವಾರ ಪಂದ್ಯ ಎರಡು ತಾಸಿನ ದಾರಿಯ ಊರಿನಲ್ಲಿ. ಅವಳು ಬೆಳಿಗ್ಗೆ ಏಳಕ್ಕೆ ತಂಡದ ಬಸ್ಸಿನಲ್ಲಿ ಹೋದಳು. ಒಂಬತ್ತಕ್ಕೆ ಅವನು ಟೋಪಿ ಹಾಕಿಕೊಂಡು ಸರ್ವಿಸ್ ಬಸ್ಸು ಹತ್ತಿದ. ಹಾಲ್‌ನಲ್ಲಿ ಎದುರು ತಂಡದ ಜನರ ನಡುವೆ, ಕಟ್ಟಕಡೆಯ ಸಾಲಿನಲ್ಲಿ ಮುದುಡಿಕೊಂಡು ಕೂತ.

ಏಣಿ ಆಡುತ್ತಿರಲಿಲ್ಲ. ಅವಳ ಜಾಗದಲ್ಲಿ ಆ ಎಡಗೈ ಹುಡುಗಿ ಇದ್ದಳು. ಒಂದು ಹೊತ್ತಿಗೆ ಕೋರ್ಟಿನಲ್ಲಿ ಇಬ್ಬರೇ ಹೊರದೇಶದವರು ಇರಬಹುದು ಎಂಬ ನಿಯಮ ಅವನಿಗೂ ಗೊತ್ತಿತ್ತು. ಹೊರಗುಳಿಯುವ ಮೂರನೆಯವಳು ತನ್ನ ಹೆಂಡತಿಯಾಗುತ್ತಾಳೆ ಎಂದು ಮಾತ್ರ ಹೊಳೆದಿರಲಿಲ್ಲ. ಅವಳು ಅಭ್ಯಾಸದ ಅಂಗಿಯಲ್ಲೇ ಬದಲಿ ಆಟಗಾರ್ತಿಯರ ಜೊತೆ ಮೂಲೆಯಲ್ಲಿ ನಿಂತು, ಕರೆ ಬಾರದಿದ್ದರೂ ಮೈ ಬಿಸಿಯಾಗಿರಲಿ ಎಂದು ನಿಂತಲ್ಲೇ ಕುಪ್ಪಳಿಸುತ್ತಿದ್ದಳು. ಪ್ರತಿ ಪಾಯಿಂಟಿಗೂ ಎಲ್ಲರಿಗಿಂತ ಮೊದಲು ಚಪ್ಪಾಳೆ ಅವಳದು. ಟೈಮ್‌ಔಟಿನಲ್ಲಿ ಎಡಗೈ ಹುಡುಗಿಗೆ ಟವೆಲು ಚಾಚಿ, ಕಿವಿಯಲ್ಲಿ ಏನೋ ಹೇಳಿ, ಕೈ ಎಲ್ಲಿ ಚಾಚಬೇಕೆಂದು ಗಾಳಿಯಲ್ಲಿ ತೋರಿಸಿದಳು. ಆಟ ಶುರುವಾಯಿತು; ಚೆಂಡು ಸರಿಯಾಗಿ ಅಲ್ಲಿಗೇ ಬಂತು, ಹುಡುಗಿಯ ಕೈಗೆ ಬಡಿದು ಎದುರಿನವರ ನೆಲಕ್ಕೆ ಬಿತ್ತು. ಹುಡುಗಿಗಿಂತ ಏಣಿಯೇ ಎತ್ತರಕ್ಕೆ ಹಾರಿದಳು.

ಅವನ ಪಕ್ಕದಲ್ಲಿ ದಪ್ಪ ಕನ್ನಡಕದ ಅಜ್ಜಿಯೊಬ್ಬಳು ಕೂತಿದ್ದಳು. ಮೂಲೆಯ ಕಡೆ ಬೆರಳು ತೋರಿಸಿ, "ಆ ಉದ್ದನೆಯವಳನ್ನ ಯಾಕೆ ಕೂರಿಸಿದಾರೆ? ಹೋದ ಸಲ ನಮ್ಮೋರ ಪ್ರಾಣ ತಿಂದಿದ್ಲು" ಎಂದಳು. ನಾಲ್ಕು ತಿಂಗಳಲ್ಲಿ ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ ಕಿವಿಗೆ ಬಿದ್ದ ಭಾಷೆಯಲ್ಲಿ ಅವನಿಗೆ ಅಷ್ಟು ಅರ್ಥವಾಯಿತು.

"ಅವಳು ನನ್ನ ಹೆಂಡತಿ" ಎಂದ. ಆ ಭಾಷೆಯಲ್ಲಿ ಅವನು ತಪ್ಪಿಲ್ಲದೆ ಆಡಿದ ಮೊದಲ ಇಡೀ ವಾಕ್ಯ ಅದು.

ಅಜ್ಜಿ ಅವನನ್ನು ಟೋಪಿಯಿಂದ ಚಪ್ಪಲಿಯವರೆಗೆ ಅಳೆದಳು. ಆಮೇಲೆ ನಗದೆ, ತನ್ನ ಕೈಯಲ್ಲಿದ್ದ ಕಿತ್ತಳೆಯಲ್ಲಿ ಅರ್ಧ ಬಿಡಿಸಿ ಕೊಟ್ಟಳು.

ಪಂದ್ಯ ಮುಗಿದ ಕೂಡಲೇ ಜನರ ನಡುವೆ ನುಸುಳಿ ಹೊರಟ. ಆದರೆ ಎತ್ತರದವರಿಗೆ ಎಲ್ಲರ ತಲೆಯ ಮೇಲಿಂದ ಎಲ್ಲವೂ ಕಾಣುತ್ತದೆ. ಅವನು ಹೊರಗಿನ ಬಯಲಿಗೆ ಬರುವುದರೊಳಗೆ ಹಿಂದಿನಿಂದ, "ರೀ, ನಿಲ್ರೀ" ಎಂದು ಕೂಗಿದ್ದು ಕೇಳಿಸಿತು. ಏದುಸಿರು ಬಿಡುತ್ತಾ ಅವಳು ಬಂದು ನಿಂತಳು. ತಂಡದ ಬಸ್ಸಿನ ಪಕ್ಕ, ಎರಡು ಕಾರುಗಳ ನಡುವೆ, ಅವನು ಟೋಪಿ ತೆಗೆದ.

"ಯಾವತ್ತಿಂದ ಗೊತ್ತು ನಿಮಗೆ?"

"ನೀನು ಜೆರ್ಸಿ ನಲ್ಲಿಗೆ ಹಿಡಿದೆಯಲ್ಲ, ಅವತ್ತಿಂದ."

ಅವಳು ಮುಖ ಆ ಕಡೆ ತಿರುಗಿಸಿದಳು. "ಕೇಳಿಬಿಡಬಾರದಿತ್ತಾ?"

"ನೀನು ಹೇಳಿಬಿಡಬಾರದಿತ್ತಾ? ನನಗೆ ಹೇಳದೆ ಇನ್ಯಾರಿಗೆ ಹೇಳ್ತೀಯ ಈ ಊರಲ್ಲಿ?"

"ಹೇಗೆ ಹೇಳ್ಲಿ ರೀ? ನಡೀತಿರೋ ಅಂಗಡಿ ಬಿಡಿಸಿ ನಿಮ್ಮನ್ನ ಇಲ್ಲಿಗೆ ಎಳ್ಕೊಂಡು ಬಂದೆ. ನಾನು ಬೆಂಚು ಕಾಯೋಕೆ, ನೀವು ಮನೆ ಕಾಯೋಕೆ ಅಂತ ಯಾವ ಬಾಯಲ್ಲಿ ಹೇಳ್ಲಿ?" ಅವಳು ತನ್ನ ಎರಡೂ ಅಂಗೈ ನೋಡಿಕೊಂಡಳು. "ಮೂವತ್ತಮೂರಾಯ್ತು ನನಗೆ. ಕೈ ಅರ್ಧ ಗಳಿಗೆ ತಡವಾಗಿ ಏಳುತ್ತಂತೆ. ಕೋಚ್ ಹೇಳಿದ್ರು. ನಿಜಾನೂ ಇರಬಹುದು."

ದರ್ಜಿಗೆ ಅಲ್ಲಿಯವರೆಗೆ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು. ಅದರ ಬದಲು ಬೇರೊಂದು ಮಾತು ಬಾಯಿಗೆ ಬಂತು.

"ನಾನು ಭಾಷೆ ಕಲಿಯೋ ಕ್ಲಾಸಿಗೆ ಹೋಗ್ತೀನಿ ಅಂತಿದ್ನಲ್ಲ, ಅದು ಸುಳ್ಳು. ಮೊದಲನೇ ವಾರವೇ ಬಿಟ್ಟೆ. ಹನ್ನೊಂದು ಗಂಟೆಗೆ ಮನೆ ಮುಂದೆ ಬಸ್ಸು ಹತ್ತಿ ಕೊನೇ ಸ್ಟಾಪಿನವರೆಗೆ ಹೋಗ್ತೀನಿ. ಅದೇ ಬಸ್ಸಲ್ಲಿ ವಾಪಸ್ ಬರ್ತೀನಿ. ಡ್ರೈವರ್ ಈಗ ನನ್ನ ನೋಡಿದ್ರೆ ಕೈ ಎತ್ತುತ್ತಾನೆ."

"ದಿನಾನಾ?"

"ದಿನಾ."

ಅವಳು ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು. "ಒಳ್ಳೆ ಜೋಡಿ ಆಯ್ತು ನಮ್ಮದು" ಎಂದಳು.

ಅಷ್ಟರಲ್ಲಿ ತಂಡದ ಮ್ಯಾನೇಜರಮ್ಮ ಲೆಕ್ಕಕ್ಕೆ ಒಬ್ಬಳು ಕಡಿಮೆಯಾದಳೆಂದು ಹುಡುಕಿಕೊಂಡು ಬಂದರು. ಗಂಡ ಹೆಂಡತಿಯ ಕೆಂಪು ಕಣ್ಣು ನೋಡಿ ಏನೂ ಕೇಳದೆ, ಡ್ರೈವರ್ ಪಕ್ಕದ ಸೀಟಿನ ಮೇಲಿದ್ದ ನೀರಿನ ಬಾಟಲಿಗಳನ್ನು ಕೆಳಗಿಟ್ಟು ದರ್ಜಿಯನ್ನು ಅಲ್ಲಿ ಕೂರಿಸಿದರು.

ಮರುದಿನ ಅವಳು ಮ್ಯಾನೇಜರಮ್ಮನನ್ನು ಜೊತೆಗಿಟ್ಟುಕೊಂಡು ಕೋಚ್ ಹತ್ತಿರ ನೇರವಾಗಿ ಮಾತಾಡಿದಳು. ಕೋಚ್ ಸುತ್ತಿಬಳಸಿ ಹೇಳುವವರಲ್ಲ. ಎಡಗೈ ಹುಡುಗಿಯನ್ನೇ ಮುಂದುವರಿಸುತ್ತೇನೆ ಎಂದರು. ಆದರೆ ಬ್ಲಾಕ್ ಆಡುವ ಹುಡುಗಿಯರು ನನ್ನ ಮಾತಿಗಿಂತ ನಿನ್ನ ಮಾತು ಹೆಚ್ಚು ಕೇಳುತ್ತಾರೆ, ಬೆಳಗಿನ ಅಭ್ಯಾಸದಲ್ಲಿ ಅವರನ್ನು ನೀನು ನೋಡಿಕೊಳ್ಳುತ್ತೀಯಾ ಎಂದೂ ಕೇಳಿದರು.

"ಆಡೋಕೆ ಬಂದೋಳು ನಾನು, ಪಾಠ ಹೇಳೋಕಲ್ಲ" ಎಂದು ಅವಳು ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿದಳು. ಎರಡು ದಿನ ಅಭ್ಯಾಸಕ್ಕೆ ಹೋದರೂ ಯಾರೊಂದಿಗೂ ಮಾತಾಡಲಿಲ್ಲ. ದರ್ಜಿ ಬುದ್ಧಿ ಹೇಳಲು ಹೋಗಲಿಲ್ಲ. ಮೊಟ್ಟೆ ಬೇಯಿಸಿ ಮುಂದಿಟ್ಟ, ಅಷ್ಟೆ. ಮೂರನೆಯ ದಿನ ಎಡಗೈ ಹುಡುಗಿಯೇ ಮನೆಗೆ ಬಂದಳು. ಬಾಗಿಲಲ್ಲೇ ನಿಂತು, "ಅಕ್ಕಾ, ನೀವು ಮೂಲೆಯಿಂದ ಕೂಗಿ ಹೇಳದಿದ್ರೆ ನನಗೆ ಚೆಂಡು ಎಲ್ಲಿಂದ ಬರುತ್ತೆ ಅಂತಾನೇ ಗೊತ್ತಾಗಲ್ಲ. ಹೋದ ಪಂದ್ಯದಲ್ಲಿ ನನ್ನ ಹೆಸರಲ್ಲಿ ಬಂದ ಪಾಯಿಂಟುಗಳಲ್ಲಿ ಅರ್ಧ ನಿಮ್ಮದೇ" ಎಂದಳು. ಆ ಹುಡುಗಿಯೂ ತನ್ನ ಮನೆ ಬಿಟ್ಟು ಬಂದವಳೇ. ಒಂದೇ ಕೋಣೆಯಲ್ಲಿ ಒಬ್ಬಳೇ ಇದ್ದಳು. ಏಣಿ ಅವಳನ್ನು ಒಳಗೆ ಕರೆದು ಊಟಕ್ಕೆ ಕೂರಿಸಿದಳು. ಮರುದಿನ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹಾಲ್‌ಗೆ ಹೋದರು.

ದರ್ಜಿಯೂ ಬಸ್ಸಿನಲ್ಲಿ ಸುತ್ತುವುದನ್ನು ಬಿಟ್ಟ. ಬಸ್ಸಿನ ಕೊನೆಯ ಸ್ಟಾಪಿನ ಹತ್ತಿರ ಪರದೆ ಹೊಲಿದು ಮಾರುವ ಅಂಗಡಿಯೊಂದನ್ನು ಅವನು ನಾಲ್ಕು ತಿಂಗಳು ಕಿಟಕಿಯಿಂದ ನೋಡಿದ್ದ. ಒಂದು ದಿನ ಇಳಿದು ಒಳಗೆ ಹೋದ. ಈ ಸಲ ಬೆರಳಿನ ಕತ್ತರಿ ತೋರಿಸುವ ತಪ್ಪು ಮಾಡದೆ, ನೆಟ್ಟಗೆ ಮಿಷನ್ನಿನ ಮುಂದೆ ಕೂತು ಒಂದು ಅಂಚು ಹೊಲಿದು ತೋರಿಸಿದ. ಅಂಗಡಿಯಾಕೆ ಕನ್ನಡಕ ಏರಿಸಿ ಹೊಲಿಗೆ ನೋಡಿದಳು; ನಾಳೆಯಿಂದ ಬಾ ಎಂದಳು.

"ಬರೀ ನೇರ ಹೊಲಿಗೆ ಮಾರಾಯ್ತಿ" ಎಂದು ಅವನು ಸಂಜೆ ಗೊಣಗಿದ. "ತೋಳಿಲ್ಲ, ಕಾಲರಿಲ್ಲ, ಜೇಬಿಲ್ಲ. ಕೈ ಕೆಟ್ಟುಹೋಗುತ್ತೆ." ಆದರೆ ಗೊಣಗುವಾಗ ಮುಖ ಅರಳಿತ್ತು.

ಉಳಿದ ಮೂರು ತಿಂಗಳು ಹಾಗೇ ನಡೆಯಿತು. ಎಡಗೈ ಹುಡುಗಿಯ ಕಾಲು ಉಳುಕಿದಾಗ ಏಣಿಗೆ ಮೂರು ಪಂದ್ಯ ಸಿಕ್ಕಿದವು. ಎರಡರಲ್ಲಿ ಚೆನ್ನಾಗಿಯೇ ಆಡಿದಳು. ಮೂರನೆಯದರಲ್ಲಿ ಎದುರಿನ ಹುಡುಗಿಯೊಬ್ಬಳು ಅವಳ ಕೈಯ ಮೇಲಿಂದಲೇ ಹೊಡೆದು ಹೊಡೆದು ಸುಸ್ತು ಮಾಡಿದಳು. ಆ ದಿನ ಮನೆಗೆ ಬಂದು, "ಇವತ್ತು ಚೆನ್ನಾಗಿ ಚಚ್ಚಿಸಿಕೊಂಡೆ" ಎಂದು ತಾನಾಗಿಯೇ ಹೇಳಿದಳು. ತಂಡ ನಾಲ್ಕನೆಯ ಸ್ಥಾನಕ್ಕೆ ನಿಂತಿತು. ಕೊನೆಯ ದಿನ ಕೋಚ್ ಅವಳನ್ನು ಕರೆದು, ಬರುವ ವರ್ಷವೂ ಬಾ ಎಂದರು. ಅರ್ಧ ಆಟಗಾರ್ತಿಯಾಗಿ, ಅರ್ಧ ಕಲಿಸುವವಳಾಗಿ.

"ಏನ್ ಹೇಳಿದೆ?" ಎಂದು ದರ್ಜಿ ಕೇಳಿದ.

"ಮನೆಯವರನ್ನ ಕೇಳಿ ಹೇಳ್ತೀನಿ ಅಂದೆ."

"ಮನೆಯವರು ಒಪ್ಪಿದಾರೆ ಅಂತ ಹೇಳು."

ಹೊರಡುವ ಮುಂಚಿನ ಭಾನುವಾರ ಬೆಳಿಗ್ಗೆ ಅವಳು ಅಮ್ಮನಿಗೆ ಫೋನ್ ಮಾಡಿದಳು. ಇವನು ಸೂಟ್‌ಕೇಸಿನ ಹರಿದ ಜಿಪ್ಪಿಗೆ ಹೊಲಿಗೆ ಹಾಕುತ್ತಾ ಕೂತಿದ್ದ. ಎಲ್ಲರ ಯೋಗಕ್ಷೇಮ ಮುಗಿದ ಮೇಲೆ ಅತ್ತೆ, ಈ ವರ್ಷ ಆಟ ಹೇಗಾಯಿತು ಎಂದು ಕೇಳಿದ್ದು ಅವನಿಗೂ ಕೇಳಿಸಿತು. ಅವನ ಸೂಜಿ ಅಲ್ಲೇ ನಿಂತಿತು.

"ಹೆಚ್ಚು ಆಡ್ಲಿಲ್ಲಮ್ಮ" ಎಂದಳು ಅವಳು. "ಅರ್ಧ ಸೀಸನ್ ಬೆಂಚಲ್ಲೇ ಕೂತಿದ್ದೆ."



"ಹೋಗಲಿ ಬಿಡು" ಎಂದರು ಅತ್ತೆ. "ಹದಿನೈದು ವರ್ಷದಿಂದ ಕುಣಿದಿರೋ ಮಂಡಿ ಅದು. ಸ್ವಲ್ಪ ಕೂತ್ಕೊಳ್ಳಲಿ. ಅಳಿಯಂದ್ರು ಹೊತ್ತಿಗೆ ಸರಿಯಾಗಿ ಊಟ ಮಾಡ್ತಾರೋ ಇಲ್ವೋ?"

"ಇಲ್ಲೇ ಇದಾರೆ, ನೀನೇ ಕೇಳು" ಎಂದು ಅವಳು ಫೋನನ್ನು ಅವನ ಕಿವಿಗೆ ಹಿಡಿದಳು. ಅವನ ಬಾಯಲ್ಲಿ ದಾರ ಇತ್ತು. ಅದನ್ನು ಕಡಿದು ತೆಗೆದು, "ಹ್ಞಾ ಅತ್ತೆ, ಹೇಳಿ" ಎಂದ.