ಏಳು ಕುಂಡಗಳ ಕೆಳಗೆ

ಏಳು ಕುಂಡಗಳ ಜಾಗ ಬದಲಿಸಿದ್ದು ತಾನೇ ಎಂಬ ಸಂಗತಿ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾದರೆ ಏನಾದೀತು ಎಂದು ಅವಳು ಬೆಳಿಗ್ಗೆ ಎದ್ದವಳೇ ಡೈರಿಯಲ್ಲಿ ಬರೆದಳು. ಬರೆದದ್ದನ್ನು ಓದಿ 'ಏನೂ ಆಗಲಿಕ್ಕಿಲ್ಲ' ಎಂದು ಕೆಳಗೆ ಸೇರಿಸಿದಳು. ಆಮೇಲೆ ಅದನ್ನು ಹೊಡೆದುಹಾಕಿದಳು. ಡೈರಿಗೂ ಸುಳ್ಳು ಹೇಳಿದರೆ ಇನ್ನು ನಿಜ ಹೇಳುವುದು ಯಾರಿಗೆ?

ಮನೆಯಲ್ಲಿ ಅವಳನ್ನು ಪಿಸು ಎಂದೇ ಕರೆಯುತ್ತಿದ್ದರು. ಚಿಕ್ಕಂದಿನಿಂದಲೂ ಅವಳ ಬಾಯಿಂದ ಬರುವುದೆಲ್ಲ ಪಿಸುಮಾತೇ. ಡಿಗ್ರಿ ಮುಗಿದು ಎಂಟು ತಿಂಗಳಾಗಿತ್ತು. ಸಂದರ್ಶನಗಳಲ್ಲಿ ಗೊತ್ತಿರುವ ಉತ್ತರವೇ ನಾಲಿಗೆಯ ತುದಿಯವರೆಗೆ ಬಂದು, ಅಲ್ಲಿಂದ ವಾಪಸು ಹೋಗಿ, ಮನೆಗೆ ಬಂದಮೇಲೆ ಡೈರಿಯಲ್ಲಿ ಚೆಂದವಾಗಿ ಇಳಿಯುತ್ತಿತ್ತು.

ಇವತ್ತಿನ ಭಯಕ್ಕೆ ಕಾರಣ ಬಚ್ಚಲು. ಎರಡು ದಿನದಿಂದ ಅಡುಗೆಮನೆಯ ಸಿಂಕಿಗೆ ಸುರಿದ ನೀರು ಬಚ್ಚಲಿನ ಜಾಲರಿಯಿಂದ ಗುಳುಗುಳು ಎಂದು ಮೇಲೆ ಬರುತ್ತಿತ್ತು. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ಎಲ್ಲವೂ ಒಂದು ಕಾಯಿಲೆಯೇ. "ಈ ಮನೆಗೆ ಅಜೀರ್ಣ ಕಣ್ರೀ. ಕೆಳಗೆ ಹೋಗಬೇಕಾದ್ದು ಮೇಲಕ್ಕೆ ಬರ್ತಿದೆ," ಎಂದು ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿಕೊಂಡು ನೀರು ತಳ್ಳಿದಳು.

"ಯೋಚನೆ ಮಾಡಬೇಡ. ಪೈಪು ಎಲ್ಲಿದೆ ಅಂತ ನನಗೆ ಅಂಗೈ ಗೆರೆ ಥರ ಗೊತ್ತು," ಎಂದ ಅಪ್ಪ.

ಅದು ಬರೀ ಜಂಬವಲ್ಲ. ಅಪ್ಪ ನಿವೃತ್ತನಾಗುವ ತನಕ ಬೇರೆಯವರ ಮನೆಗಳ ನಕ್ಷೆ ಬರೆದವನು. ತನ್ನ ಮನೆಯ ಕೊಳಚೆ ಪೈಪಿಗೆ ಮಾತ್ರ ನಕ್ಷೆ ಬರೆಯಲಿಲ್ಲ. ಪೈಪು ಹೂತ ದಿನವೇ ಅದರ ನೆತ್ತಿಯ ಮೇಲೆ ಸರಿಯಾಗಿ ದಾರ ಹಿಡಿದು, ಮನೆಯ ಮಗ್ಗುಲಿನ ಅಂಗಳದ ಉದ್ದಕ್ಕೂ ಏಳು ಸಿಮೆಂಟಿನ ಕುಂಡಗಳನ್ನು ಇಟ್ಟುಬಿಟ್ಟ. ಕಾಗದವಾದರೆ ಕಳೆದುಹೋಗುತ್ತದೆ, ಕುಂಡ ಎಲ್ಲಿಗೆ ಹೋದೀತು ಎಂಬುದು ಅವನ ವಾದ. ಕುಂಡಗಳಿದ್ದರೆ ಆ ಮಣ್ಣಿನ ಪೈಪಿನ ಮೇಲೆ ಯಾವ ಗಾಡಿಯೂ ಬರುವಂತಿರಲಿಲ್ಲ.

ಆದರೆ ಹೋದ ವರ್ಷ ಮಹಡಿಯ ಮೇಲೆ ಪಿಸುವಿಗೆಂದೇ ಒಂದು ರೂಮು ಕಟ್ಟಿಸುವಾಗ ಇಟ್ಟಿಗೆಯ ಲಾರಿ ಬಂತು. ಅಪ್ಪ ದೊಡ್ಡಪ್ಪನನ್ನು ನೋಡಿಕೊಳ್ಳಲು ಊರಿಗೆ ಹೋಗಿದ್ದ. ಅಮ್ಮ ಡ್ಯೂಟಿಯಲ್ಲಿದ್ದಳು. ಇಟ್ಟಿಗೆಯನ್ನು ಗೇಟಿನ ಹೊರಗೇ ಇಳಿಸಿಕೋ ಎಂದು ಅಪ್ಪ ಫೋನಿನಲ್ಲಿ ಎರಡು ಸಲ ಹೇಳಿದ್ದ. ಆದರೆ ಹೊರಗೆ ಬೀದಿ ಇಕ್ಕಟ್ಟು, ಲಾರಿಯ ಹಿಂದೆ ಸಾಲುಗಟ್ಟಿ ನಿಂತ ಗಾಡಿಗಳ ಹಾರ್ನು, ಮೇಲಿಂದ ಡ್ರೈವರು ತಲೆ ಹೊರಹಾಕಿ, "ಬೇಗ ಹೇಳಮ್ಮಾ, ಒಳಗೆ ತರ್ಲಾ?" ಎಂದ. ಬೇಡ ಎಂಬ ಎರಡಕ್ಷರ ಅವಳ ಬಾಯಿಂದ ಹೊರಡಲಿಲ್ಲ. ಅದರ ಬದಲು ಅವಳು ಏಳೂ ಕುಂಡಗಳನ್ನು ಒಂದೊಂದಾಗಿ ಅಂಚಿನ ಮೇಲೆ ಉರುಳಿಸಿಕೊಂಡು ಹೋಗಿ ಕಾಂಪೌಂಡ್ ಗೋಡೆಯ ಪಕ್ಕಕ್ಕೆ ಇಟ್ಟಳು. ಲಾರಿ ಒಳಗೆ ಬಂದು, ಇಟ್ಟಿಗೆ ಇಳಿಸಿ ಹೋಯಿತು.

ಕುಂಡಗಳನ್ನು ಅಡ್ಡಾದಿಡ್ಡಿ ಬಿಟ್ಟಿದ್ದರೆ ಯಾರಾದರೂ ಕೇಳುತ್ತಿದ್ದರು. ಅವಳು ಅಚ್ಚುಕಟ್ಟು. ಅಳೆದಿಟ್ಟ ಹಾಗೆ ಸಮ ಅಂತರದಲ್ಲಿ, ಸಾಲಾಗಿ ಜೋಡಿಸಿದಳು. ನಡುವಿನಲ್ಲಿ ಇಟ್ಟಿಗೆ ರಾಶಿ, ಜಲ್ಲಿ, ಮರಳು ಬಂದು ಆರು ತಿಂಗಳು ಕೂತವು. ಅವೆಲ್ಲ ಖಾಲಿಯಾದಾಗ ಗೋಡೆ ಪಕ್ಕದ ಕುಂಡಗಳು ಹುಟ್ಟಿನಿಂದ ಅಲ್ಲೇ ಇದ್ದಂತೆ ನಿಂತಿದ್ದವು.

ಹತ್ತು ಗಂಟೆಗೆ ಪ್ಲಂಬರು ಬಂದ, ಜೊತೆಗೆ ಅವನ ಹೆಂಡತಿ. ಇಬ್ಬರದೂ ಒಂದೇ ಕೆಲಸ. ಅವನು ಪೈಪಿನೊಳಗೆ ಕ್ಯಾಮೆರಾದ ಕೇಬಲ್ಲು ತಳ್ಳುತ್ತಾನೆ, ಅವಳು ಪುಟ್ಟ ಪರದೆ ಹಿಡಿದು ಒಳಗಿನ ಸುದ್ದಿ ಹೇಳುತ್ತಾಳೆ.

"ಓಹೋ, ಎಂಡೋಸ್ಕೋಪಿ," ಎಂದಳು ಅಮ್ಮ. ಅವತ್ತು ಅವಳಿಗೆ ರಜೆ.

"ಅದೇನೋ ಗೊತ್ತಿಲ್ಲಮ್ಮಾವ್ರೇ. ನಮ್ಮೋಳಿಗೆ ಕ್ಯಾಮೆರಾನೇ ಬೇಡ. ನಾನು ಹೊರಗೆ ಏನು ತಿಂದು ಬಂದೆ ಅಂತ ಮುಖ ನೋಡೇ ಹೇಳ್ತಾಳೆ," ಎಂದು ದನಿ ಎತ್ತರಿಸಿ ಹೇಳಿದ ಪ್ಲಂಬರು.

"ಮೀಸೇಲಿ ಅಂಟಿಸ್ಕೊಂಡು ಬಂದ್ರೆ ಬೀದಿಯೋರೆಲ್ಲ ಹೇಳ್ತಾರೆ. ತಳ್ಳಿ ನೀವು," ಎಂದಳು ಹೆಂಡತಿ.

ಪಿಸು ಬಾಗಿಲ ಮರೆಯಲ್ಲಿ ನಿಂತಿದ್ದಳು. ಭಯಕ್ಕಿಂತ ಕುತೂಹಲ ದೊಡ್ಡದಾಯಿತೋ ಏನೋ, ಒಂದೊಂದೇ ಹೆಜ್ಜೆ ಮುಂದೆ ಬಂದು ಕೊನೆಗೆ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತಳು. ಇಪ್ಪತ್ತೆರಡು ವರ್ಷ ಈ ಮನೆಯಲ್ಲಿ ಮಿಂದು, ಪಾತ್ರೆ ತೊಳೆದು, ಬಟ್ಟೆ ಹಿಂಡಿದ ನೀರೆಲ್ಲ ಹೋದ ದಾರಿ ಅದು. ದುಂಡಗೆ, ಕಂದುಬಣ್ಣವಾಗಿ, ಒದ್ದೆ ಹೊಳಪಿನಿಂದ ಹಿಂದಕ್ಕೆ ಸರಿಯುತ್ತಿತ್ತು. ಗೋಡೆಗೆ ಅಂಟಿದ ಸೋಪಿನ ಬಿಳಿ ಪದರ ಕಂಡಿತು. ಒಂದು ಜಿರಲೆ ಬೆಳಕಿಗೆ ಬೆದರಿ ಓಡಿತು. ನಾಲ್ಕನೇ ಅಡಿಯಲ್ಲಿ ಒಂದು ತಿರುವು ಬಂತು. ಹದಿನೆಂಟಕ್ಕೆ ಬಂದಾಗ ದುಂಡಗಿದ್ದ ದಾರಿ ಅಪ್ಪಚ್ಚಿಯಾಗಿ, ಚೂರುಗಳ ನಡುವೆ ಮಣ್ಣು ತುಂಬಿ ಮುಗಿದುಹೋಯಿತು.

"ಕುಸಿದಿದೆ," ಎಂದಳು ಹೆಂಡತಿ. "ಹದಿನೆಂಟನೇ ಅಡಿ."

"ಎಷ್ಟು ದೂರ ಅಂತ ಇದು ಹೇಳುತ್ತೆ ಸಾರ್," ಪ್ಲಂಬರು ಅಪ್ಪನಿಗೆ ವಿವರಿಸಿದ. "ತಿರುವಾದ್ಮೇಲೆ ಯಾವ ಕಡೆಗೆ ಹೋಯ್ತು ಅಂತ ಹೇಳಲ್ಲ. ಆ ಕಡೆ ತುದೀನ ರಸ್ತೆ ಡಾಂಬರು ನುಂಗಿದೆ. ನೀವೇ ಹೇಳ್ಬೇಕು."

ಅಪ್ಪ ಇದಕ್ಕೇ ಕಾದವನಂತೆ ಎದ್ದುನಿಂತ. ಟೇಪು ಹಿಡಿದು ಅಳೆದು, ನಾಲ್ಕನೆಯ ಕುಂಡದ ನೆತ್ತಿ ತಟ್ಟಿದ. "ಇದರ ಕೆಳಗೆ. ಒಂದಿಂಚು ಆಚೆಗಿಲ್ಲ, ಒಂದಿಂಚು ಈಚೆಗಿಲ್ಲ."

ಕುಂಡ ಎತ್ತಿಟ್ಟರು. ಈಗ ಹೇಳಿಬಿಡಬೇಕು ಎಂದುಕೊಂಡಳು ಪಿಸು. ಹಾರೆ ಎದ್ದಿತು. ಅವಳು ಎಲ್ಲರಿಗೂ ಟೀ ಮಾಡಲು ಒಳಗೆ ಹೋದಳು.

ಒಳಗೇ ಹೊತ್ತು ಕಳೆದು ಟೀ ತಂದಾಗ ಗುಂಡಿ ಸೊಂಟದವರೆಗೆ ಇಳಿದಿತ್ತು. ಪೈಪಿನ ಸುಳಿವಿಲ್ಲ. ಪ್ಲಂಬರಿನ ಹೆಂಡತಿ ಒಂದು ಹಿಡಿ ಮಣ್ಣು ಎತ್ತಿ ಅಂಗೈಯಲ್ಲಿ ಪುಡಿಮಾಡಿದಳು. "ಸಾರ್, ಒಂದು ಸಲ ಅಗೆದು ಮುಚ್ಚಿದ ಮಣ್ಣು ಕಲಸುಮೇಲೋಗರ ಆಗಿರುತ್ತೆ. ಇದು ನೋಡಿ, ಪದರ ಪದರವಾಗಿ ಹಾಗೇ ಇದೆ. ಈ ಮಣ್ಣನ್ನ ಯಾರೂ ಮುಟ್ಟೇ ಇಲ್ಲ."

"ಸಾಧ್ಯವೇ ಇಲ್ಲ. ಇನ್ನೊಂದಡಿ ಇಳೀರಿ," ಎಂದ ಅಪ್ಪ.

ಇನ್ನೊಂದಡಿ ಇಳಿದರು. ಬಂಡೆ ಸಿಕ್ಕಿತು. ಅಪ್ಪ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಳಗೆ ಇಣುಕಿದ, ಜೇಬಿಂದ ಬಿದ್ದ ಏನನ್ನೋ ಹುಡುಕುವವನ ಹಾಗೆ.

"ದಾರ ಹಿಡಿದಿದ್ದು ನೆನಪಿದೆಯಲ್ಲೇ," ಎಂದು ಅಮ್ಮನ ಕಡೆ ತಿರುಗಿದ. "ನೀನು ಆ ತುದಿ ಹಿಡಿದಿದ್ದೆ. ನಿನ್ನ ಕೈಗೆ ಇರುವೆ ಕಚ್ಚಿ ದಾರ ಬಿಟ್ಟುಬಿಟ್ಟೆ. ಮತ್ತೆ ಮೊದಲಿಂದ ಹಿಡಿದ್ವಿ."

"ಇರುವೆ ನೆನಪಿದೆ," ಎಂದಳು ಅಮ್ಮ. "ಎಲ್ಲಿ ಹಿಡಿದ್ವಿ ಅಂತ ಯಾರಿಗೆ ನೆನಪಿರುತ್ತೆ."

"ನನಗಿದೆ. ಕಣ್ಣಿಗೆ ಕಟ್ಟಿದ ಹಾಗಿದೆ," ಎಂದ ಅಪ್ಪ. ಆಮೇಲೆ ಮೆಲ್ಲಗೆ, "ಅಣ್ಣನೂ ಹೀಗೇ ಅಂತಿದ್ದ," ಎಂದ.

ದೊಡ್ಡಪ್ಪ ಕೊನೆಯ ವರ್ಷಗಳಲ್ಲಿ ನಡೆಯದ ಸಂಗತಿಗಳನ್ನೆಲ್ಲ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದ. ಕೊನೆಗೆ ತಮ್ಮನನ್ನೇ ಯಾರು ನೀನು ಎಂದು ಕೇಳಿದ್ದ.

ಪ್ಲಂಬರು ಮುಖ ಒರೆಸಿಕೊಂಡು, "ಇರಲಿ ಸಾರ್, ಕೇಳಿ ಹುಡುಕೋಣ," ಎಂದ. ಅದೂ ಒಂದು ವಿದ್ಯೆ. ಅವನು ಉದ್ದದ ಕಬ್ಬಿಣದ ಪಟ್ಟಿಯನ್ನು ಪೈಪಿನೊಳಗೆ ಕುಸಿದ ಜಾಗದವರೆಗೆ ತಳ್ಳಿ ಆಡಿಸುತ್ತಾನೆ. ಅದರ ಮೂತಿ ಒಳಗೆ ಪೈಪಿಗೆ ಟಕ್ ಟಕ್ ಎಂದು ಬಡಿಯುತ್ತದೆ. ಮೇಲೆ ಒಬ್ಬರು ಸ್ಟೀಲ್ ಲೋಟವನ್ನು ನೆಲಕ್ಕೆ ಕವುಚಿ, ಅದರ ತಳಕ್ಕೆ ಕಿವಿಯಿಟ್ಟು ಸದ್ದು ಎಲ್ಲಿ ಜೋರು ಎಂದು ಹುಡುಕಬೇಕು.

ಹೆಂಡತಿ ಲೋಟವನ್ನು ಪಿಸುವಿನ ಕೈಗೆ ಕೊಟ್ಟಳು. "ಡ್ರಿಲ್ಲಿಂಗ್ ಮಷೀನು ನನ್ನ ಎರಡೂ ಕಿವಿ ತಿಂದ್ಹಾಕಿದೆ ಮಗಳೇ. ಹತ್ತಿರ ಬಂದು ಕೂಗಿದ್ರೇ ಕೇಳೋದು. ನಿಂದು ಎಳೇ ಕಿವಿ, ನೀನೇ ನೋಡು."

ಎಲ್ಲಿ ಕೇಳುತ್ತದೆಂದು ಅವಳಿಗೆ ಗೊತ್ತೇ ಇತ್ತು. ಆದರೂ ಮೊದಲು ಗೋಡೆಯ ಬಳಿ ಲೋಟವಿಟ್ಟಳು. ಏನಿಲ್ಲ. ಒಂದು ಮೊಳ ಈಚೆಗೆ, ಮತ್ತೊಂದು ಮೊಳ. ಅಂಗಳದ ನಡುವಿಗೆ ಬಂದು, ಬರೀ ಹುಲ್ಲಿದ್ದ ಜಾಗದಲ್ಲಿ ಮಲಗಿ ಕಿವಿಯಿಟ್ಟಳು.

ಟಕ್. ಟಕ್ ಟಕ್.

ಗೊತ್ತಿದ್ದೂ ಅವಳ ಮೈ ಜುಮ್ಮೆಂದಿತು. ಒಳಗಿಂದ ಯಾರೋ ಕದ ತಟ್ಟುತ್ತಿದ್ದಾರೆ ಅನ್ನುವಷ್ಟು ಸ್ಪಷ್ಟ. ದಿನವೂ ಚಪ್ಪಲಿ ಹಾಕಿಕೊಂಡು ಓಡಾಡಿದ ನೆಲದ ಕೆಳಗೆ ಇಷ್ಟು ದೊಡ್ಡ ಸದ್ದು ಇರಬಹುದೆಂದು ಅವಳು ಊಹಿಸಿರಲಿಲ್ಲ. ಇನ್ನೊಂದು ಸಲ ಕೇಳುವ ಆಸೆಗೆ ಬೇಕೆಂದೇ ತಡಮಾಡಿ, ಆಮೇಲೆ ಕೈ ಎತ್ತಿದಳು. ಎತ್ತಿದಾಗ ಎದೆಯ ಭಾರವೂ ಇಳಿದಂತಾಯಿತು. ಬಾಯಿ ಬಿಡದೆಯೇ ಪೈಪು ಸಿಕ್ಕಿಬಿಟ್ಟಿತ್ತು.

"ಭಲೇ, ನಿಮ್ಮ ಮಗಳನ್ನ ನಮ್ಮ ಜೊತೆ ಕಳಿಸಿಕೊಡಿ," ಎಂದ ಪ್ಲಂಬರು.

ಇಲ್ಲಿ ಮಣ್ಣು ಮೆದುವಾಗಿ, ಕಲಸುಮೇಲೋಗರವಾಗಿಯೇ ಇತ್ತು. ಎರಡೂವರೆ ಅಡಿಗೆ ಪೈಪಿನ ಚೂರುಗಳು ಸಿಕ್ಕವು. ಪ್ಲಂಬರು ದೊಡ್ಡದೊಂದು ಚೂರನ್ನು ಎತ್ತಿ ತಿರುಗಿಸಿದ. "ಬೇರು ಹೊಕ್ಕಿಲ್ಲ. ಮೇಲಿಂದ ಭಾರ ಬಿದ್ದು ಒಡೆದಿರೋದು. ಆಗ ಬಿರುಕು ಬಿಟ್ಟಿದ್ದು ಈಗ ಕುಸಿದಿದೆ. ಯಾವ್ದಾದ್ರೂ ಗಾಡಿ ಬಂದಿತ್ತಾ ಸಾರ್?"

"ಹೋದ ವರ್ಷ ಇಟ್ಟಿಗೆ ಲಾರಿ," ಎಂದ ಅಪ್ಪ. "ಬೀದೀಲಿ ಇಳಿಸೋಕೆ ಜಾಗ ಇರ್ಲಿಲ್ವಂತೆ. ಒಳಗೆ ಬಂದ್ರೂ ಕುಂಡ ತಡೆಯುತ್ತೆ ಅಂದ್ಕೊಂಡಿದ್ದೆ. ಕುಂಡಾನೇ ತಪ್ಪು ಜಾಗದಲ್ಲಿಟ್ಟರೆ ಅವು ಏನು ತಡೀತವೆ."

ಪಿಸು ತನ್ನ ಕಾಲಬೆರಳು ನೋಡಿದಳು.

ಉಳಿದ ಕೆಲಸ ಸರಸರ ಸಾಗಿತು. ಒಡೆದ ಆರಡಿ ತೆಗೆದು, ಕೆಳಗೆ ಮರಳು ಹಾಸಿ, ಹೊಸ ಪಿವಿಸಿ ಪೈಪು ಕೂರಿಸಿದರು. ಎರಡು ತುದಿಗೂ ರಬ್ಬರಿನ ಪಟ್ಟಿ ಬಿಗಿದರು. ಪ್ಲಂಬರು ರಸಮಟ್ಟ ಇಟ್ಟು ನೋಡಿದ. "ಹತ್ತಡಿಗೆ ಎರಡೂವರೆ ಇಂಚು ಇಳಿಜಾರು ಇರ್ಬೇಕು. ಕಮ್ಮಿ ಆದ್ರೆ ನಿಲ್ಲುತ್ತೆ. ಜಾಸ್ತಿ ಆದ್ರೆ ನೀರು ಮುಂದೆ ಓಡಿಹೋಗಿ ಗಟ್ಟಿದ್ದು ಹಿಂದೆ ಉಳ್ಕೊಳ್ಳುತ್ತೆ." ಬೇರೆ ದಿನವಾಗಿದ್ದರೆ ಅಪ್ಪ ಅದನ್ನು ಮೂರು ಸಲ ಅಳೆದು ನೋಡುತ್ತಿದ್ದ. ಇವತ್ತು ಟೇಪನ್ನು ಮುಟ್ಟಲಿಲ್ಲ. "ನೀವು ನೋಡಿದ್ರಲ್ಲ, ಸಾಕು," ಎಂದ.

ಅಮ್ಮ ಬಚ್ಚಲಿಗೆ ಎರಡು ಬಕೆಟ್ ನೀರು ಸುರಿದಳು. ಗುಳುಗುಳು ಇಲ್ಲ. ಸುಂಯ್ ಎಂದು ಇಳಿದುಹೋಯಿತು. "ಪೇಷಂಟು ಗುಣ," ಎಂದು ಕೂಗಿದಳು. ಪ್ಲಂಬರು ಗುಂಡಿಗಳನ್ನು ಮುಚ್ಚಿದ. ಅವನ ಹೆಂಡತಿ ಗೇಟಿನ ಬಳಿ ಹಾರೆ, ಗುದ್ದಲಿಗಳನ್ನು ತೊಳೆಯಲು ಕೂತಳು.

ಅಪ್ಪ ನಾಲ್ಕನೆಯ ಕುಂಡದ ಅಂಚಿನ ಮೇಲೆ ಕೂತಿದ್ದ. ಅಮ್ಮ ಕೈ ಒರೆಸಿಕೊಂಡು ಬಂದಾಗ, "ನಿಮ್ಮಾಸ್ಪತ್ರೇಲಿ ಅಣ್ಣನ್ನ ತೋರಿಸಿದ್ವಲ್ಲ, ಆ ಡಾಕ್ಟ್ರು ಇನ್ನೂ ಇದಾರಾ?" ಎಂದು ಕೇಳಿದ.

"ಒಂದು ಪೈಪು ಸಿಗ್ಲಿಲ್ಲ ಅಂತ ಡಾಕ್ಟ್ರ ಹತ್ರ ಹೋಗ್ತಾರಾ ಯಾರಾದ್ರೂ?"

"ಸಿಗದೇ ಇದ್ದದ್ದಕ್ಕಲ್ಲ. ಇರುವೆ, ದಾರ, ಎಲ್ಲ ಅಷ್ಟು ಸ್ಪಷ್ಟವಾಗಿದೆ. ಆದ್ರೂ ಸುಳ್ಳು." ಅವನು ನಗಲು ನೋಡಿದ. "ಇನ್ನು ಯಾವ್ದನ್ನ ನಂಬ್ಲಿ ಹೇಳು."

ಅಮ್ಮ ತಮಾಷೆ ಮಾಡುತ್ತಾಳೆಂದು ಪಿಸು ಕಾದಳು. ಅಮ್ಮ ಮಾಡಲಿಲ್ಲ. "ನಾಳೆ ಹೋಗಿ ಕೇಳ್ತೀನಿ," ಎಂದಳು. ರೋಗಿಗಳ ಮನೆಯವರ ಜೊತೆ ಮಾತಾಡುವ ಆ ತಗ್ಗಿದ ದನಿಯಲ್ಲಿ ಅಮ್ಮ ಮನೆಯೊಳಗೆ ಮಾತಾಡಿದ್ದನ್ನು ಪಿಸು ಕೇಳಿದ್ದು ಅದೇ ಮೊದಲು.

ಅಪ್ಪ ಜೇಬಿನಿಂದ ದಾರದ ಉಂಡೆ ತೆಗೆದು ಮಗಳ ಕಡೆ ಚಾಚಿದ. "ತಗೋ ಪಿಸು. ಕುಂಡ ಎಲ್ಲಿಡಬೇಕು ಅಂತ ನೀನೇ ದಾರ ಹಿಡಿ. ನಿನ್ನ ಪುಸ್ತಕದಲ್ಲೂ ಬರೆದಿಟ್ಕೋ. ನನ್ನ ಮೇಲೆ ನನಗೆ ನಂಬಿಕೆ ಇಲ್ಲ."

ಅವಳು ದಾರ ತೆಗೆದುಕೊಂಡಳು. ಇದನ್ನೆಲ್ಲ ಸಂಜೆ ಬರೆಯಬಹುದು, ಮೊದಲ ವಾಕ್ಯ ಏನಿರಬೇಕು ಎಂದೂ ಮನಸ್ಸು ಆಗಲೇ ಹುಡುಕತೊಡಗಿತ್ತು. ಅಪ್ಪನ ಕೈ ದಾರ ಬಿಟ್ಟಮೇಲೂ ಹಾಗೇ ಚಾಚಿಕೊಂಡಿತ್ತು. ಯಾಕೆ ಚಾಚಿದ್ದೆಂದು ಅದಕ್ಕೇ ಮರೆತಂತೆ.

"ಕುಂಡ," ಎಂದಳು ಅವಳು.

"ಏನು?" ಎಂದ ಅಪ್ಪ.

"ಕುಂಡಗಳು ಅಲ್ಲಿ..."

"ಜೋರಾಗಿ ಹೇಳೇ, ಅಪ್ಪಂಗೆ ಕೇಳಿಸ್ತಿಲ್ಲ," ಎಂದಳು ಅಮ್ಮ.

ಅವಳು ಉಸಿರು ಎಳೆದುಕೊಂಡಳು. ಆಮೇಲೆ ಬಂದ ದನಿ ಎಷ್ಟು ದೊಡ್ಡದಿತ್ತೆಂದರೆ ಗೇಟಿನ ಬಳಿ ಗುದ್ದಲಿ ತೊಳೆಯುತ್ತಿದ್ದ ಪ್ಲಂಬರಿನ ಹೆಂಡತಿ ಕೂಡ ಕೈ ನಿಲ್ಲಿಸಿ ತಿರುಗಿ ನೋಡಿದಳು.

"ಅಪ್ಪಾ, ನೀನು ಸರಿಯಾದ ಜಾಗದಲ್ಲೇ ಇಟ್ಟಿದ್ದೆ. ಲಾರಿ ಬಂದಾಗ ಬೇಡ ಅನ್ನೋಕಾಗದೆ ಕುಂಡಗಳನ್ನ ಗೋಡೆ ಪಕ್ಕಕ್ಕೆ ಸರಿಸಿದ್ದು ನಾನು."